ಛತ್ರದವನಿಗೆ ಎರಡು ನಾಣ್ಯ

ಸಂತ ಲೂಕರ ಶುಭಸಂದೇಶದ ಹತ್ತನೆಯ ಅಧ್ಯಾಯದಲ್ಲಿ ಬರುವ ಸಮಾರಿಯದವನ ಸಾಮತಿಯನ್ನು ನಾವು ಗುರುಗಳು ಎಷ್ಟು ಬಾರಿ ಪ್ರಬೋಧಿಸಿದ್ದೇವೆಯೋ ಲೆಕ್ಕವಿಲ್ಲ. ಆದರೆ ಆ ಸಾಮತಿಯಲ್ಲಿ ಕೆಲಸಗಳಿಗೆ ಒಂದು ಅನುಕ್ರಮವಿದೆ. ಅದನ್ನು ಗಮನಿಸುವವರು ಕಡಿಮೆ. ಸಮಾರಿಯದವನು ಮೊದಲು ಗಾಯಾಳುವಿನ ಹತ್ತಿರ ಹೋದ. ಗಾಯಗಳಿಗೆ ಎಣ್ಣೆ, ದ್ರಾಕ್ಷಾರಸ ಹೊಯ್ದು ಕಟ್ಟಿದ. ತಾನು ಕೂತು ಬಂದ ಪ್ರಾಣಿಯ ಮೇಲೆ ಅವನನ್ನು ಕೂರಿಸಿ ತಾನು ನಡೆದ. ಛತ್ರಕ್ಕೆ ಕರೆತಂದ ಮೇಲೂ ಅಲ್ಲೇ ಉಳಿದು ಆರೈಕೆ ಮಾಡಿದ. ಹಣದ ಮಾತು ಬಂದದ್ದು ಮಾರನೆಯ ದಿನ. ಆಗ ಛತ್ರದವನ ಕೈಗೆ ಎರಡು ನಾಣ್ಯವಿಟ್ಟು, ಮತ್ತೆ ಬರುತ್ತೇನೆಂದು ಹೇಳಿಯೇ ಹೊರಟ.

ನಮ್ಮ ಧರ್ಮಕೇಂದ್ರಗಳು ಈ ಅನುಕ್ರಮವನ್ನು ತಲೆಕೆಳಗು ಮಾಡಿವೆ ಎಂಬುದು ನನ್ನ ಆಕ್ಷೇಪ. ನಾವು ಮೊದಲಿಗೇ ಎರಡು ನಾಣ್ಯಗಳನ್ನು ತೆಗೆದು ಛತ್ರದವನ ಕೈಗಿಟ್ಟು, ರಸೀತಿ ಪಡೆದು, ಗಾಯಾಳುವಿನ ಮುಖವನ್ನೂ ನೋಡದೆ ಜೆರಿಕೋವಿನ ದಾರಿ ಹಿಡಿಯುತ್ತೇವೆ.

ಛತ್ರದವನೆಂದು ನಾನು ಹೇಳುತ್ತಿರುವುದು ನಮ್ಮ ಸಮಾಜ ಸೇವಾ ಸಂಸ್ಥೆಗಳನ್ನು ಕುರಿತು. ಎರಡನೆಯ ವ್ಯಾಟಿಕನ್ ಮಹಾಸಭೆಯ (1962–65) ನಂತರದ ದಶಕಗಳಲ್ಲಿ ಭಾರತದ ಬಹುತೇಕ ಧರ್ಮಕ್ಷೇತ್ರಗಳಲ್ಲಿ ಅವು ಸ್ಥಾಪನೆಯಾದವು. ಬಡ ಮಹಿಳೆಯರ ಸ್ವಸಹಾಯ ಸಂಘಗಳು, ಬಾವಿ, ಕೆರೆ, ಮನೆ, ಸಂಜೆ ಶಾಲೆ ಎಂದು ಅವು ಮಾಡಿದ ಕೆಲಸವನ್ನು ಹಗುರವಾಗಿ ಕಾಣುವವನು ನಾನಲ್ಲ. ಛತ್ರದವನು ಇಲ್ಲದಿದ್ದರೆ ಸಾಮತಿಯ ಗಾಯಾಳುವೂ ಗುಣವಾಗುತ್ತಿರಲಿಲ್ಲ. ದೋಷವಿರುವುದು ಸಂಸ್ಥೆಯಲ್ಲಿ ಅಲ್ಲ, ಸಂಸ್ಥೆ ಇದೆಯಲ್ಲಾ ಎಂದು ಕೈಕಟ್ಟಿ ಕೂತ ಧರ್ಮಕೇಂದ್ರದಲ್ಲಿ. ಸೇವೆಯೆಂದರೆ ಯೋಜನೆ, ಯೋಜನೆಯೆಂದರೆ ಕಚೇರಿ, ಕಚೇರಿಯೆಂದರೆ ಸಂಬಳದ ಸಿಬ್ಬಂದಿ ಎಂಬ ಸಮೀಕರಣ ಮೂರು ತಲೆಮಾರುಗಳಲ್ಲಿ ಬೇರೂರಿತು. ಭಾನುವಾರದ ಬಲಿಪೂಜೆಗೆ ಬರುವ ವಿಶ್ವಾಸಿಗೆ ಉಳಿದ ಪಾತ್ರ ಒಂದೇ: ತಪಸ್ಸುಕಾಲದಲ್ಲಿ ಕಾಣಿಕೆಯ ಲಕೋಟೆ ತುಂಬಿಸಿ ಕೊಡುವುದು.

ಈ ಏರ್ಪಾಡಿನ ದೌರ್ಬಲ್ಯ 2020ರ ಸೆಪ್ಟೆಂಬರ್‌ನಲ್ಲಿ ಬಯಲಾಯಿತು. ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಗೆ ಆ ತಿಂಗಳು ತಿದ್ದುಪಡಿಯಾಯಿತು. ವಿದೇಶದಿಂದ ಬಂದ ಹಣದಲ್ಲಿ ಆಡಳಿತ ವೆಚ್ಚಕ್ಕೆ ಬಳಸಬಹುದಾದ ಮಿತಿ ನೂರಕ್ಕೆ 50ರಿಂದ 20ಕ್ಕೆ ಇಳಿಯಿತು. ಒಂದು ಸಂಸ್ಥೆ ಪಡೆದ ಹಣವನ್ನು ಇನ್ನೊಂದಕ್ಕೆ ವರ್ಗಾಯಿಸುವಂತಿಲ್ಲವಾಯಿತು. ಎಲ್ಲ ಸಂಸ್ಥೆಗಳೂ ದೆಹಲಿಯ ಸ್ಟೇಟ್ ಬ್ಯಾಂಕಿನ ಒಂದೇ ಶಾಖೆಯಲ್ಲಿ ಖಾತೆ ತೆರೆಯಬೇಕಾಯಿತು. ಈ ತಿದ್ದುಪಡಿ ನ್ಯಾಯವೇ ಎಂಬುದು ಬೇರೆ ಚರ್ಚೆ. ನನಗೆ ಅದು ನ್ಯಾಯವಾಗಿ ಕಾಣುವುದಿಲ್ಲ. ಆದರೆ ದೆಹಲಿಯ ಒಂದು ಕಾಯ್ದೆ ಬದಲಾದ ಮಾತ್ರಕ್ಕೆ ನಂಜನಗೂಡಿನ ಹಾಸಿಗೆ ಹಿಡಿದ ಮುದುಕಿಯ ಮನೆಗೆ ಹೋಗುವವರು ಇಲ್ಲವಾಗುವುದಾದರೆ, ಅಷ್ಟು ವರ್ಷ ಅಲ್ಲಿಗೆ ಹೋಗುತ್ತಿದ್ದದ್ದು ಯಾರು? ಧರ್ಮಸಭೆಯೋ, ಅನುದಾನವೋ?

ಕಪಿಲೆಯ ದಂಡೆಯಲ್ಲಿರುವವರಿಗೆ ಈ ಪ್ರಶ್ನೆ ಅಮೂರ್ತವಲ್ಲ. 2018ರಲ್ಲಿ ಬಂದ ನೆರೆ 2019ರ ಆಗಸ್ಟ್‌ನಲ್ಲಿ ಮತ್ತೆ ಬಂದಿತು. ವಯನಾಡಿನಲ್ಲಿ ಮಳೆ ಸುರಿದು, ಕಬಿನಿ ಅಣೆಕಟ್ಟೆಯಿಂದ ಒಂದು ಲಕ್ಷ ಕ್ಯೂಸೆಕ್ಸ್ ಮೀರಿ ನೀರು ಬಿಟ್ಟಾಗ ನಂಜನಗೂಡಿನ ಹದಿನಾರು ಕಾಲು ಮಂಟಪ ಮುಳುಗಿತು; ತೋಪಿನ ಬೀದಿ, ಹಳ್ಳದಕೇರಿಯಂತಹ ತಗ್ಗಿನ ಕೇರಿಗಳಿಗೆ ನೀರು ನುಗ್ಗಿತು; ಮಲ್ಲನಮೂಲೆ ಮಠದ ಬಳಿ ಮೈಸೂರಿನ ಹೆದ್ದಾರಿಯೇ ಮುಚ್ಚಿಹೋಯಿತು. ತಿ. ನರಸೀಪುರದ ಕಷ್ಟ ಇನ್ನೊಂದು ಬಗೆಯದು. ಅಲ್ಲಿ ಕಪಿಲೆ ಕಾವೇರಿಯನ್ನು ಸೇರುತ್ತಾಳೆ. ಕಬಿನಿಯ ನೀರೂ ಕನ್ನಂಬಾಡಿಯ ನೀರೂ ಒಟ್ಟಿಗೆ ಬಂದರೆ ಸಂಗಮದಲ್ಲಿ ಎರಡು ಹೊಳೆಗಳೂ ಹಿಂದಕ್ಕೆ ಒತ್ತಿ, ತಲಕಾಡಿನವರೆಗೂ ದಂಡೆಯ ಗದ್ದೆಗಳು ಕೆರೆಯಂತಾಗುತ್ತವೆ. 2024ರ ಮಳೆಗಾಲದಲ್ಲಿಯೂ ಇದೇ ಕಥೆ. ಅಂದರೆ ಇದು ಆಕಸ್ಮಿಕವಲ್ಲ, ಬಾಗಿಲಿಗೆ ಬರುವ ದಿನವನ್ನು ಹೆಚ್ಚುಕಡಿಮೆ ತಿಳಿಸಿಯೇ ಬರುವ ಅತಿಥಿ.

ಅಂತಹ ದಿನಗಳಲ್ಲಿ ಸರ್ಕಾರ ಗಂಜಿ ಕೇಂದ್ರ ತೆರೆಯುತ್ತದೆ (ಈಗ ಅದಕ್ಕೆ ಕಾಳಜಿ ಕೇಂದ್ರವೆಂಬ ಹೆಸರು; ಗಂಜಿ ಎಂಬ ಮಾತಿಗೆ ಏನು ಅವಮಾನವಾಗಿತ್ತೋ ತಿಳಿಯದು). ಮಠಗಳು, ಯುವಕ ಸಂಘಗಳು, ಮಸೀದಿಯ ಹುಡುಗರು ಓಡಾಡುತ್ತಾರೆ. ಕ್ರೈಸ್ತರು? ನಾಲ್ಕನೆಯ ದಿನವೋ ಐದನೆಯ ದಿನವೋ ನೀರು ಇಳಿದ ಮೇಲೆ ಮೈಸೂರಿನಿಂದ ಒಂದು ವಾಹನ ಬರುತ್ತದೆ. ಅದರ ಮುಂದೆ ಬ್ಯಾನರ್ ಇರುತ್ತದೆ. ಅಕ್ಕಿಯ ಚೀಲ, ಕಂಬಳಿ, ಫಲಾನುಭವಿಗಳ ಪಟ್ಟಿ, ಛಾಯಾಚಿತ್ರ. ಕೊಡುವ ಕೈ, ತೆಗೆದುಕೊಳ್ಳುವ ಕೈ ಎರಡೂ ಕ್ಯಾಮೆರಾದ ಕಡೆಗೇ ನೋಡುತ್ತಿರುತ್ತವೆ. ಬಲಗೈ ಮಾಡಿದ್ದು ಎಡಗೈಗೆ ತಿಳಿಯಬಾರದೆಂದು ಪ್ರಭು ಹೇಳಿದ್ದನ್ನು ಮುಂದಿನ ಭಾನುವಾರ ಅದೇ ನಾವು ಓದುತ್ತೇವೆ. ದಾನಿಗಳಿಗೆ ಲೆಕ್ಕ ತೋರಿಸಬೇಕಲ್ಲ ಎನ್ನುವ ಉತ್ತರ ಸಿದ್ಧವಾಗಿದೆ. ಅದೇ ನನ್ನ ವಾದಕ್ಕೂ ಆಧಾರ: ಲೆಕ್ಕ ತೋರಿಸಬೇಕಾದ ಸೇವೆಯೊಂದೇ ನಮ್ಮಲ್ಲಿ ಉಳಿದಿದೆ.

ನಮ್ಮ ನೆರೆಯ ಸಿಎಸ್‌ಐ ಬಂಧುಗಳಿಂದ, ಅವರು ಸೇರಿರುವ ಆಂಗ್ಲಿಕನ್ ಪರಂಪರೆಯಿಂದ, ನಾವು ಇಲ್ಲಿ ಕಲಿಯಬೇಕಾದದ್ದಿದೆ. ದಕ್ಷಿಣ ಭಾರತ ಸಭೆ 1947ರ ಸೆಪ್ಟೆಂಬರ್ 27ರಂದು ಆಂಗ್ಲಿಕನ್, ಮೆಥಡಿಸ್ಟ್ ಮೊದಲಾದ ಸಭೆಗಳು ಸೇರಿ ಆದದ್ದು. ಮೈಸೂರು ಸೀಮೆಯಲ್ಲಿ ಅದರ ಬೇರು ಬಹುಪಾಲು ವೆಸ್ಲಿಯನ್ ಮಿಷನ್ನಿನದು. 1906ರಲ್ಲಿ ಆರಂಭವಾಗಿ ಇಂದಿಗೂ ಜನ ಮಿಷನ್ ಆಸ್ಪತ್ರೆಯೆಂದೇ ಕರೆಯುವ ಹೋಲ್ಡ್ಸ್‌ವರ್ತ್ ಆಸ್ಪತ್ರೆ ಆ ಬೇರಿನಿಂದ ಬಂದದ್ದು. ಅವರಲ್ಲಿಯೂ ಚುನಾವಣೆಯ ಜಗಳ, ಆಸ್ತಿಯ ವ್ಯಾಜ್ಯಗಳಿವೆ, ಅದು ಗುಟ್ಟೇನಲ್ಲ. ಆದರೆ ಸಭಾಪಾಲಕರು ವರ್ಗವಾಗಿ ಹೋದರೂ ಸಭೆಯ ಸಮಿತಿ, ಸ್ತ್ರೀಯರ ಕೂಟ, ಯುವಜನರ ಕೂಟ ತಮ್ಮ ಕೆಲಸ ತಮ್ಮದೆಂದು ತಿಳಿಯುವ ಅಭ್ಯಾಸ ಅವರಲ್ಲಿ ಹಳೆಯದು. ನಮ್ಮಲ್ಲಿ ಗುರುಗಳು ವರ್ಗವಾದರೆ ಗುರುಗಳೊಂದಿಗೆ ಸೇವೆಯೂ ವರ್ಗವಾಗುತ್ತದೆ.

ಇಂಗ್ಲೆಂಡಿನ ಇತಿಹಾಸ ಈ ವಿಷಯದಲ್ಲಿ ಎರಡು ಮುಖದ್ದು. 1601ರ ಕಾನೂನಿನಂತೆ ಅಲ್ಲಿ ಪ್ರತಿ ಧರ್ಮಕೇಂದ್ರವೂ ತನ್ನ ಎಲ್ಲೆಯೊಳಗಿನ ಬಡವರನ್ನು ನೋಡಿಕೊಳ್ಳಬೇಕಿತ್ತು. ದೇವಾಲಯದ ಧರ್ಮದರ್ಶಿಗಳೂ ಊರಿನ ಕೆಲವು ಗೃಹಸ್ಥರೂ ಸೇರಿ ತೆರಿಗೆ ಎತ್ತಿ ಹಂಚುತ್ತಿದ್ದರು. ಅದು ಸ್ವರ್ಗವೇನೂ ಆಗಿರಲಿಲ್ಲ. ಪರ ಊರಿನ ಬಡವನನ್ನು ಎಲ್ಲೆಯಾಚೆ ಅಟ್ಟುತ್ತಿದ್ದದ್ದೂ ಅದೇ ವ್ಯವಸ್ಥೆ. ಆದರೂ ಬಡವನ ಹೆಸರು ಊರಿಗೆ ಗೊತ್ತಿತ್ತು. 1834ರಲ್ಲಿ ಹಲವು ಧರ್ಮಕೇಂದ್ರಗಳನ್ನು ಒಟ್ಟುಗೂಡಿಸಿ, ಬಡವರನ್ನು ದೊಡ್ಡ ದುಡಿಮೆಮನೆಗಳಿಗೆ ಸೇರಿಸುವ ಪದ್ಧತಿ ಬಂದಿತು. ಖರ್ಚು ಉಳಿಯಿತು, ಆಡಳಿತ ಚೊಕ್ಕಟವಾಯಿತು, ಗಂಡ ಹೆಂಡಿರನ್ನು ಬೇರೆ ಬೇರೆ ಕೊಠಡಿಗಳಲ್ಲಿ ಕೂಡಿಹಾಕಲಾಯಿತು. ಛತ್ರದವನಿಗೆ ಎಲ್ಲವನ್ನೂ ಒಪ್ಪಿಸಿದ್ದರ ಫಲ ಅದು.

ಇನ್ನೊಂದು ಮುಖ ಲಂಡನ್ನಿನದು. 1953ರಲ್ಲಿ ವಾಲ್‌ಬ್ರೂಕ್‌ನ ಸಂತ ಸ್ಟೀಫನ್ನರ ಆಂಗ್ಲಿಕನ್ ದೇವಾಲಯದ ಗುರು ಚಾಡ್ ವಾರಾ, ಬದುಕು ಬೇಡವೆನಿಸಿದವರ ಮಾತು ಕೇಳಲು ದೇವಾಲಯದಲ್ಲಿ ದೂರವಾಣಿಯೊಂದನ್ನು ಇಟ್ಟರು. ಅದಕ್ಕೆ ಸುಮಾರು ಹದಿನೆಂಟು ವರ್ಷ ಮೊದಲು, ತಾನೇ ಸಾವನ್ನು ತಂದುಕೊಂಡ ಬಾಲಕಿಯೊಬ್ಬಳ ಅಂತ್ಯಕ್ರಿಯೆ ನಡೆಸಿದ ನೆನಪು ಅವರನ್ನು ಬಿಟ್ಟಿರಲಿಲ್ಲ. ಕರೆ ಮಾಡಿದವರು, ಖುದ್ದಾಗಿ ಬಂದವರು ಬಹಳ. ಗುರುಗಳ ಸರದಿಗೆ ಕಾಯುತ್ತಿದ್ದವರಿಗೆ ಚಹಾ ಕೊಟ್ಟು ಜೊತೆಗೆ ಕೂತಿರಲು ಕೆಲವು ಸಾಮಾನ್ಯ ಜನ ಬಂದರು. ಅವರಿಗೆ ಮನಶ್ಶಾಸ್ತ್ರದ ತರಬೇತಿಯಿರಲಿಲ್ಲ. ಕೆಲವೇ ತಿಂಗಳಲ್ಲಿ ವಾರಾ ಅವರಿಗೆ ವಿಚಿತ್ರವೊಂದು ಕಂಡಿತು: ಚಹಾ ಕುಡಿಯುತ್ತಾ ಮಾತಾಡಿದವರಲ್ಲಿ ಅನೇಕರು ಗುರುಗಳನ್ನು ಕಾಣದೆಯೇ ಹಗುರವಾಗಿ ಹೊರಟುಹೋಗುತ್ತಿದ್ದರು. 1954ರ ಫೆಬ್ರವರಿಯಲ್ಲಿ ಅವರು ಕೇಳುವ ಕೆಲಸವನ್ನು ಆ ಸ್ವಯಂಸೇವಕರಿಗೇ ವಹಿಸಿಬಿಟ್ಟರು. ಸಮಾರಿಟನ್ಸ್ ಎಂಬ ಹೆಸರಿನಿಂದ ಅದು ಇಂದಿಗೂ ನಡೆಯುತ್ತಿದೆ. ಗುರುವೊಬ್ಬ ತನ್ನ ಕುರ್ಚಿಯಿಂದ ಎದ್ದು ಅಲ್ಲಿ ವಿಶ್ವಾಸಿಯನ್ನು ಕೂರಿಸಿದ ಈ ಘಟನೆಯನ್ನು ನಮ್ಮ ಗುರುಮಠಗಳಲ್ಲಿ ಪಾಠವಾಗಿ ಓದಿಸಬೇಕು. ಓದಿಸುವುದಿಲ್ಲ.

ಹಾಗೆಂದು ಇದು ಪರರ ಮನೆಯ ಸೊತ್ತು ಮಾತ್ರವಲ್ಲ. 1833ರಲ್ಲಿ ಪ್ಯಾರಿಸಿನ ಕಥೋಲಿಕ ವಿದ್ಯಾರ್ಥಿ ಫ್ರೆಡೆರಿಕ್ ಓಜಾನಾಂ ಮತ್ತು ಗೆಳೆಯರು ಆರಂಭಿಸಿದ ಸಂತ ವಿನ್ಸೆಂಟ್ ದೆ ಪಾಲರ ಸಭೆಯ ಮೂಲ ನಿಯಮವೇ ಬಡವರ ಮನೆಗೆ ತಾವೇ ಹೋಗಿ ಕಾಣುವುದು. ಓಜಾನಾಂಗೆ ಆಗ ಇಪ್ಪತ್ತು ವರ್ಷ. ಈ ಸಭೆ ನಮ್ಮ ಎಷ್ಟೋ ಧರ್ಮಕೇಂದ್ರಗಳಲ್ಲಿದೆ. ಹಲವೆಡೆ ಅದರ ಕೂಟ ನಡೆಯುತ್ತದೆ, ಪ್ರಾರ್ಥನೆ ನಡೆಯುತ್ತದೆ, ತಿಂಗಳಿಗೊಮ್ಮೆ ದೇವಾಲಯದ ಅಂಗಳದಲ್ಲಿ ಅಕ್ಕಿ ಹಂಚಿಕೆಯೂ ನಡೆಯುತ್ತದೆ. ಮನೆಗೆ ಹೋಗುವುದು ಮಾತ್ರ ಬಿಟ್ಟುಹೋಗಿದೆ. ಬಡವರೇ ಸಾಲಾಗಿ ನಮ್ಮಲ್ಲಿಗೆ ಬರುತ್ತಾರೆ.

ನಮ್ಮ ತಾಲ್ಲೂಕಿನ ಮಣ್ಣಿನಲ್ಲಿಯೂ ಇದಕ್ಕೆ ಸಾಕ್ಷಿಗಳಿವೆ. ತಗಡೂರು ರಾಮಚಂದ್ರರಾಯರು ಖಾದಿಗೂ ಅಸ್ಪೃಶ್ಯತೆಯ ನಿವಾರಣೆಗೂ ತಮ್ಮನ್ನು ತೆತ್ತುಕೊಂಡದ್ದು ನಂಜನಗೂಡು ಸೀಮೆಯ ಹಳ್ಳಿಗಳಲ್ಲಿ. 1934ರಲ್ಲಿ ಹರಿಜನ ಪ್ರವಾಸ ಹೊರಟ ಗಾಂಧೀಜಿ ಬದನವಾಳಿಗೆ ಬಂದದ್ದು ಅಲ್ಲಿನ ಹೆಣ್ಣುಮಕ್ಕಳು ನೂಲುತ್ತಿದ್ದ ರಾಟೆಗಳ ಬಳಿಗೆ. ಸುತ್ತೂರಿನ ಜಾತ್ರೆಯಲ್ಲಿ ಸಹಸ್ರಾರು ಜನ ಉಣ್ಣುವುದು ಮಠದ ಹಣದಿಂದ ಮಾತ್ರವಲ್ಲ, ಸುತ್ತಲ ಊರುಗಳವರು ತರಕಾರಿ ಹೆಚ್ಚಿ, ಸೌದೆ ಒಟ್ಟಿ, ಎಲೆ ಎತ್ತುವುದರಿಂದ. ದಾಸೋಹವೆಂಬ ಮಾತಿನಲ್ಲಿಯೇ ದಾಸನಿದ್ದಾನೆ. ಗುತ್ತಿಗೆಗೆ ಕೊಟ್ಟ ದಾಸೋಹವನ್ನು ಶರಣರ ನಾಡಿನಲ್ಲಿ ಯಾರೂ ಕೇಳಿಲ್ಲ.

ನನ್ನ ಸಹ ಗುರುಗಳು ಇದಕ್ಕೆ ಪ್ರೇಷಿತರ ಕಾರ್ಯಕಲಾಪಗಳ ಆರನೆಯ ಅಧ್ಯಾಯವನ್ನು ಎತ್ತಿ ತೋರಿಸುತ್ತಾರೆ. ಪ್ರೇಷಿತರೇ ಊಟದ ಪಂಕ್ತಿಯ ಹೊಣೆಯನ್ನು ಬೇರೆ ಏಳು ಮಂದಿಗೆ ವಹಿಸಲಿಲ್ಲವೇ ಎನ್ನುತ್ತಾರೆ. ವಹಿಸಿದರು, ನಿಜ. ಆದರೆ ಆ ಏಳು ಮಂದಿಯನ್ನು ವಿಶ್ವಾಸಿಗಳ ಸಮುದಾಯವೇ ತನ್ನೊಳಗಿಂದ ಆರಿಸಿತು. ಬೇರೆ ಊರಿನಿಂದ ಸಂಬಳ ಕೊಟ್ಟು ಕರೆಸಲಿಲ್ಲ. ಅವರಲ್ಲೊಬ್ಬನಾದ ಸ್ತೇಫನನು ಪಂಕ್ತಿಯ ಸೇವೆಗೆ ನೇಮಕವಾಗಿ ರಕ್ತಸಾಕ್ಷಿಯಾದ. ಆ ಅಧ್ಯಾಯ ನನ್ನ ಪರವಾಗಿದೆ.

ಮತಾಂತರದ ಆರೋಪ ಬರುತ್ತದೆ ಎಂಬ ಅಂಜಿಕೆಯೂ ಇದೆ. 2022ರಲ್ಲಿ ನಮ್ಮ ರಾಜ್ಯದಲ್ಲಿ ಅದಕ್ಕಾಗಿ ಕಾಯ್ದೆಯನ್ನೇ ತಂದ ಮೇಲೆ ಈ ಅಂಜಿಕೆ ಹೆಚ್ಚಿತು. ಆದರೆ ಯೋಚಿಸಿ ನೋಡೋಣ: ಊರವರಿಗೆ ಅನುಮಾನ ತರುವುದು ಯಾವುದು? ಹೊರಗಿನ ಹಣ, ಹೊರಗಿನ ವಾಹನ, ಬ್ಯಾನರಿನ ಮೇಲಿನ ಶಿಲುಬೆ. ಪಕ್ಕದ ಬೀದಿಯ ಮರಿಯಮ್ಮ ತಟ್ಟೆಯಲ್ಲಿ ಮುದ್ದೆ ಸಾರು ಮುಚ್ಚಿಕೊಂಡು ಬಾಣಂತಿಯ ಮನೆಗೆ ಹೋದರೆ ಯಾರು ದೂರು ಕೊಡುತ್ತಾರೆ? ಪ್ರೀತಿಯನ್ನು ಬೇರೊಂದು ಉದ್ದೇಶದ ಸಾಧನವಾಗಿ ಬಳಸಕೂಡದೆಂದು 2005ರ ‘ದೇವುಸ್ ಕಾರಿತಾಸ್ ಎಸ್ತ್’ ವಿಶ್ವಪತ್ರದಲ್ಲಿ ಪೋಪ್ ಹದಿನಾರನೆಯ ಬೆನೆಡಿಕ್ಟರು ಸ್ಪಷ್ಟವಾಗಿ ತಿಳಿಸಿದ್ದಾರೆ. ನೆರೆಯವಳ ಪ್ರೀತಿಗೆ ಆ ಎಚ್ಚರಿಕೆಯ ಅಗತ್ಯವೂ ಬಾರದು.

ಉಳಿದದ್ದು ಸಂಖ್ಯೆಯ ಮಾತು. ನಂಜನಗೂಡಿನಲ್ಲಾಗಲಿ, ತಿ. ನರಸೀಪುರದಲ್ಲಾಗಲಿ ಕ್ರೈಸ್ತ ಕುಟುಂಬಗಳು ಬೆರಳೆಣಿಕೆಯವು, ನಮ್ಮಿಂದೇನಾದೀತು ಎನ್ನುತ್ತಾರೆ. ಕಡಿಮೆಯಿರುವವರು ಒಬ್ಬರಿಗೊಬ್ಬರು ಬೆನ್ನು ಹಾಕಿ ಕೂರುವುದು ಇನ್ನೂ ಸೋಜಿಗ. ಜನವರಿಯ ಕ್ರೈಸ್ತ ಐಕ್ಯತಾ ಸಪ್ತಾಹದಲ್ಲಿ ಸಿಎಸ್‌ಐ ಸಭಾಪಾಲಕರನ್ನು ಕರೆದು ಶಾಲು ಹೊದಿಸುತ್ತೇವೆ, ಒಂದು ಗೀತೆ ಹಾಡುತ್ತೇವೆ, ಬಿಸ್ಕತ್ತು ಕಾಫಿಯೊಂದಿಗೆ ಐಕ್ಯತೆ ಮುಗಿಯುತ್ತದೆ. ಸಂಸ್ಕಾರಗಳ ವಿಷಯದಲ್ಲಿ ನಮ್ಮ ನಡುವೆ ಭೇದವಿದೆ. ಅದನ್ನು ಮರೆಸುವುದು ನನಗೂ ಸಮ್ಮತವಲ್ಲ. ಗಂಜಿಯ ಹಂಡೆಗೆ ಸೌದೆ ಹಾಕಲು ಆ ಭೇದ ಅಡ್ಡ ಬರುವುದಿಲ್ಲ.

ಧರ್ಮಕೇಂದ್ರದ ಪಾಲನಾ ಸಮಿತಿ ಮಾಡಬೇಕಾದದ್ದಕ್ಕೆ ಅನುದಾನ ಬೇಡ. ದೇವಾಲಯದ ಸುತ್ತಲಿನ ಬೀದಿಗಳಲ್ಲಿ, ಯಾವ ಮತದವರೇ ಆಗಿರಲಿ, ಹಾಸಿಗೆ ಹಿಡಿದವರು, ಒಂಟಿ ಮುದುಕರು, ತುಂಬು ಗರ್ಭಿಣಿಯರು ಇರುವ ಮನೆಗಳ ಪಟ್ಟಿ ಬೇಕು. ಆ ಮನೆಗಳಿಗೆ ವಾರಕ್ಕೊಮ್ಮೆ ಇಬ್ಬಿಬ್ಬರಾಗಿ ಹೋಗುವವರು ಬೇಕು; ಇಬ್ಬರಲ್ಲಿ ಒಬ್ಬರು ಸಿಎಸ್‌ಐ ಸಭೆಯವರಾದರೆ ಇನ್ನೂ ಒಳ್ಳೆಯದು. ಸಭಾಭವನದ, ಶಾಲೆಯ ಬೀಗದ ಕೈ ಗುರುಗಳ ಮೇಜಿನ ಖಾನೆಯಲ್ಲಿ ಮಾತ್ರ ಇರಕೂಡದು. ರಾತ್ರಿ ಎರಡು ಗಂಟೆಗೆ ನೀರು ಏರಿದರೆ ತೆರೆಯಬಲ್ಲ ಮೂವರು ವಿಶ್ವಾಸಿಗಳ ಬಳಿಯೂ ಇರಬೇಕು. ಕ್ಯಾಮೆರಾ ಮನೆಯಲ್ಲೇ ಇರಲಿ. ವಯನಾಡಿನಲ್ಲಿ ಮಳೆ ಹಿಡಿಯುವುದು ಜೂನ್ ತಿಂಗಳಲ್ಲಿ. ಪಟ್ಟಿ ಮೇ ತಿಂಗಳೊಳಗೆ ಸಿದ್ಧವಾಗಬೇಕು.