ಕೋಥರೂಡಿನ ಮಕ್ಕಳಿಗೆ ಕೋಥರೂಡಿನ ಶಾಲೆ

ಪುಣೆಗೆ ವರ್ಗವಾದ ಕನ್ನಡ ಕುಟುಂಬ ಬಾಡಿಗೆ ಮನೆ ಹುಡುಕಲು ಹೊರಟರೆ ಕೋಥರೂಡಿನ ಹೆಸರು ಬೇಗನೆ ಬಾಯಿಗೆ ಬರುತ್ತದೆ. ಹಿಂಜವಡಿಯ ಕಂಪನಿಗಳಿಗೆ ಚಾಂದನಿ ಚೌಕದ ಮೇಲೆ ಹಾಯ್ದು ಹೋಗಬಹುದು. 2022ರ ಮಾರ್ಚಿನಿಂದ ವನಾಜ್ ನಿಲ್ದಾಣದಿಂದ ಮೆಟ್ರೊ ಓಡುತ್ತಿದೆ. ಹಬ್ಬಕ್ಕೆ ಊರಿಗೆ ಹೋಗಬೇಕೆಂದರೆ ಬೆಳಗಾವಿ, ಹುಬ್ಬಳ್ಳಿ ಬಸ್ಸುಗಳು ಓಡುವ ಹೆದ್ದಾರಿ ಪಕ್ಕದಲ್ಲೇ ಇದೆ. ಹೀಗಾಗಿ ಮನೆ ಗೊತ್ತುಮಾಡುವುದು ಕಷ್ಟವಲ್ಲ. ಮಕ್ಕಳ ಶಾಲೆಯ ಮಾತು ಬಂದಾಗಲೇ ಗಂಡ ಹೆಂಡತಿ ಇಬ್ಬರಿಗೂ ನಿದ್ದೆ ಹಾರುವುದು.

ಸಿಬಿಎಸ್‌ಇಯೋ, ಐಸಿಎಸ್‌ಇಯೋ, ಮಹಾರಾಷ್ಟ್ರದ ಸ್ಟೇಟ್ ಬೋರ್ಡೋ? ಎಲ್ಲ ಚರ್ಚೆಯೂ ಕೊನೆಗೆ ಬಂದು ನಿಲ್ಲುವುದು ಒಂದೇ ಅಂಜಿಕೆಯ ಮುಂದೆ: ನಾಳೆ ಕಂಪನಿ ಮತ್ತೆ ಬೆಂಗಳೂರಿಗೆ ಹಾಕಿದರೆ? ಆ ‘ನಾಳೆ’ಗಾಗಿ ಮಗುವನ್ನು ಹತ್ತು ಹನ್ನೆರಡು ಕಿಲೋಮೀಟರ್ ದೂರದ ಶಾಲೆಗೆ ಸೇರಿಸುತ್ತಾರೆ, ಮರಾಠಿ ಕಲಿಯದಿದ್ದರೂ ನಡೆದೀತು ಎಂದುಕೊಳ್ಳುತ್ತಾರೆ, ಕನ್ನಡವನ್ನು ‘ಊರಿಗೆ ಹೋದ ಮೇಲೆ ನೋಡೋಣ’ ಎಂದು ಮುಂದೂಡುತ್ತಾರೆ. ಎರಡು ವರ್ಷವೆಂದು ಬಂದವರು ಅಲ್ಲೇ ಮನೆ ಕೊಂಡು ಉಳಿಯುವುದು ಪುಣೆಯಲ್ಲಿ ಹೊಸ ಸಂಗತಿಯೇನಲ್ಲ. ಬಾರದ ವರ್ಗಾವಣೆಗಾಗಿ ಮಗುವಿನ ಬಾಲ್ಯವನ್ನು ಕಾಯಿಸಿ ಇಡುವುದು ತಪ್ಪು.

ಅಂಜಿಕೆಗೆ ಆಧಾರವೇ ಇಲ್ಲವೆಂದಲ್ಲ. ಅದಕ್ಕೆ ಉತ್ತರವಾಗಿಯೇ ದೊಡ್ಡ ವ್ಯವಸ್ಥೆಗಳು ಹುಟ್ಟಿವೆ. ಸೇನೆಯವರ, ಕೇಂದ್ರ ಸರ್ಕಾರಿ ನೌಕರರ ಮಕ್ಕಳು ಊರು ಬದಲಾದಾಗಲೆಲ್ಲ ಪಠ್ಯ ಬದಲಾಗಿ ಒದ್ದಾಡಬಾರದೆಂದು 1963ರಲ್ಲಿ ಕೇಂದ್ರೀಯ ವಿದ್ಯಾಲಯಗಳು ಶುರುವಾದವು. ಪುಣೆಯಲ್ಲೂ ಗಣೇಶಖಿಂಡ, ಲೋಹಗಾಂವ್ ಮೊದಲಾದ ಕಡೆ ಅವು ಇವೆ. ಪ್ರವೇಶಕ್ಕೆ ಹಿಂದಿನ ಏಳು ವರ್ಷಗಳಲ್ಲಿ ಆದ ವರ್ಗಾವಣೆಗಳ ಲೆಕ್ಕವನ್ನೂ ಅಲ್ಲಿ ನೋಡುತ್ತಾರೆ. ಜಿನೀವಾದಲ್ಲಿ 1968ರಲ್ಲಿ ಇಂಟರ್‌ನ್ಯಾಷನಲ್ ಬ್ಯಾಕಲಾರಿಯೇಟ್ ಹುಟ್ಟಿದ್ದೂ ದೇಶದಿಂದ ದೇಶಕ್ಕೆ ಅಲೆಯುವ ರಾಜತಾಂತ್ರಿಕರ, ಅಂತರರಾಷ್ಟ್ರೀಯ ಸಂಸ್ಥೆಗಳ ನೌಕರರ ಮಕ್ಕಳನ್ನು ಕಣ್ಣ ಮುಂದಿಟ್ಟುಕೊಂಡು. ಮೂರು ವರ್ಷಕ್ಕೊಮ್ಮೆ ಗಂಟುಮೂಟೆ ಕಟ್ಟುವುದು ಖಚಿತವಾಗಿರುವ ಮನೆಗೆ ಇವು ವರವೇ ಸರಿ. ಅಂಥ ವರ್ಗಾವಣೆಯ ಆದೇಶ ಕೈಯಲ್ಲಿಲ್ಲದ ಸಾಫ್ಟ್‌ವೇರ್ ನೌಕರ ಅದೇ ಲೆಕ್ಕ ಹಾಕಬೇಕಾದ್ದಿಲ್ಲ.

ಬೋರ್ಡಿನ ಜಗ್ಗಾಟದಲ್ಲಿ ಮುಳುಗಿದವರು ನಿಜವಾಗಿ ಕಾಡುವ ಸಂಗತಿಗಳನ್ನು ಗಮನಿಸುವುದೇ ಇಲ್ಲ. ವಯಸ್ಸಿನ ಲೆಕ್ಕವನ್ನೇ ನೋಡಿ. ಮಹಾರಾಷ್ಟ್ರದಲ್ಲಿ ಒಂದನೇ ತರಗತಿಗೆ ಆ ವರ್ಷದ ಡಿಸೆಂಬರ್ 31ಕ್ಕೆ ಆರು ತುಂಬಿದರೆ ಸಾಕು. ಕರ್ನಾಟಕದ ನಿಯಮ ಜೂನ್ 1ಕ್ಕೇ ಆರು ತುಂಬಿರಬೇಕೆನ್ನುತ್ತದೆ. 2025-26ರಲ್ಲಿ ಅದನ್ನು 5 ವರ್ಷ 5 ತಿಂಗಳಿಗೆ ಸಡಿಲಿಸಲಾಯಿತು. ಕೇಂದ್ರೀಯ ವಿದ್ಯಾಲಯದ ಗಡುವು ಮಾರ್ಚ್ 31. ನವೆಂಬರಿನಲ್ಲಿ ಹುಟ್ಟಿದ ಮಗು ಕೋಥರೂಡಿನಲ್ಲಿ ಒಂದನೇ ತರಗತಿಗೆ ಹೋಗುವ ವರ್ಷ, ಅದೇ ವಯಸ್ಸಿನ ಅದರ ಸೋದರಬಂಧು ಹುಬ್ಬಳ್ಳಿಯಲ್ಲಿ ಯುಕೆಜಿಯಲ್ಲಿ ಕೂತಿರಬಹುದು. ಶಾಲೆ ಶುರುವಾಗುವ ದಿನವೂ ಬೇರೆ: ಸಿಬಿಎಸ್‌ಇ ಏಪ್ರಿಲ್‌ನಲ್ಲಿ, ಕರ್ನಾಟಕದ ರಾಜ್ಯ ಪಠ್ಯಕ್ರಮದ ಶಾಲೆಗಳು ಮೇ ಕೊನೆಗೆ, ಪುಣೆಯ ಸ್ಟೇಟ್ ಬೋರ್ಡ್ ಶಾಲೆಗಳು ಜೂನ್ ನಡುವಿಗೆ. ಕಚೇರಿಯ ಕಿಟಕಿಯಲ್ಲಿ ಕರ್ನಾಟಕದವರು ‘ಟಿ.ಸಿ.’ ಎನ್ನುವ ಕಾಗದವನ್ನು ಗುಮಾಸ್ತರು ‘ದಾಖಲಾ’ ಎಂದು ಕೇಳುತ್ತಾರೆ. ಕರ್ನಾಟಕದ ಶಾಲೆ ಮಗುವಿಗೆ ಕೊಟ್ಟ ಎಸ್‌ಎಟಿಎಸ್ ಸಂಖ್ಯೆ ಮಹಾರಾಷ್ಟ್ರದ ಸರಲ್ ಪೋರ್ಟಲಿನಲ್ಲಿ ಕೆಲಸಕ್ಕೆ ಬಾರದು. ಎರಡೂ ರಾಜ್ಯಗಳಿಗೆ ಸಾಮಾನ್ಯವಾದದ್ದು ಯುಡೈಸ್‌ನ ಕಾಯಂ ಶಿಕ್ಷಣ ಸಂಖ್ಯೆ. ಹಳೆಯ ಶಾಲೆ ಬಿಡುವ ಮೊದಲು ಅದನ್ನು ಬರೆಸಿಕೊಂಡು ಬಂದ ಮನೆಯವರಿಗೆ ಅರ್ಧ ಓಡಾಟ ತಪ್ಪುತ್ತದೆ.

ಹೊಸಬರನ್ನು ಹೆದರಿಸುವ ಇನ್ನೊಂದು ಪದ್ಧತಿ ಸಂದರ್ಶನ. ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ಪ್ರವೇಶಕ್ಕಾಗಿ ಮಗುವನ್ನಾಗಲಿ ಹೆತ್ತವರನ್ನಾಗಲಿ ಪರೀಕ್ಷಿಸಿ ಆರಿಸುವುದನ್ನು ನಿಷೇಧಿಸಿದೆ. ಮೊದಲ ತಪ್ಪಿಗೆ 25,000 ರೂಪಾಯಿ, ಮುಂದಿನ ಪ್ರತಿ ತಪ್ಪಿಗೆ 50,000 ರೂಪಾಯಿವರೆಗೆ ದಂಡವಿದೆ. ಶುಲ್ಕಕ್ಕೂ ಮಹಾರಾಷ್ಟ್ರದಲ್ಲಿ 2011ರ ಕಾನೂನಿದೆ. ಖಾಸಗಿ ಶಾಲೆಯ ಶುಲ್ಕಕ್ಕೆ ಪಾಲಕರೂ ಇರುವ ಕಾರ್ಯಕಾರಿ ಸಮಿತಿಯ ಒಪ್ಪಿಗೆ ಬೇಕು. ಹೊಸ ಊರೆಂದು ಸುಮ್ಮನಿರದೆ ಕೇಳಬೇಕಾದ ಸಂಗತಿಗಳಿವು.

ಇನ್ನು ಮರಾಠಿ. 2020ರ ಕಾಯ್ದೆಯ ಪ್ರಕಾರ ಮಹಾರಾಷ್ಟ್ರದ ಎಲ್ಲ ಬೋರ್ಡುಗಳ ಶಾಲೆಗಳೂ ಒಂದರಿಂದ ಹತ್ತನೇ ತರಗತಿವರೆಗೆ ಮರಾಠಿ ಕಲಿಸಲೇಬೇಕು. ತಪ್ಪಿದರೆ ಶಾಲೆಗೆ ಒಂದು ಲಕ್ಷ ರೂಪಾಯಿವರೆಗೆ ದಂಡ. ಇದನ್ನು ಹೊರೆಯೆಂದು ಗೊಣಗುವ ಕನ್ನಡಿಗ ಹೆತ್ತವರಿದ್ದಾರೆ. ಬೆಂಗಳೂರಿಗೆ ಬಂದವರ ಮಕ್ಕಳು ಕನ್ನಡ ಕಲಿಯಲೆಂದು ಕರ್ನಾಟಕ 2015ರಲ್ಲೇ ಕಾನೂನು ಮಾಡಿದೆ. ಅದನ್ನು ಸರಿಯೆನ್ನುವವರು ಪುಣೆಗೆ ಬಂದು ಮರಾಠಿ ಬೇಡವೆಂದರೆ ಅದು ನ್ಯಾಯವಲ್ಲ.

ಕನ್ನಡದ ಮಗುವಿಗೆ ಮರಾಠಿ ಹೆದರುವಂಥದ್ದೂ ಅಲ್ಲ. ಕಾಗುಣಿತ ಬಲ್ಲ ಮಗುವಿಗೆ ಬಾರಾಖಡಿಯ ಸಾಲು ಗುರುತಿನದೇ. ಹ್ರಸ್ವ ಎ, ಹ್ರಸ್ವ ಒ ಅಲ್ಲಿಲ್ಲ, ಅಷ್ಟೆ. ‘ಳ’ಕಾರವೂ ಇದೆ. ಎಡವುವುದು ಲಿಂಗದಲ್ಲಿ: ಖುರ್ಚಿ ಸ್ತ್ರೀಲಿಂಗ, ದರವಾಜಾ ಪುಲ್ಲಿಂಗ, ಘರ ನಪುಂಸಕಲಿಂಗ. ಕನ್ನಡದಲ್ಲಿ ಮೂರೂ ಬರೀ ವಸ್ತುಗಳು. ಇದು ಪುಸ್ತಕದಿಂದ ಬರುವ ವಿದ್ಯೆಯಲ್ಲ, ಸಂಜೆ ಕೆಳಗೆ ಆಡುವ ಹುಡುಗರು ತಿದ್ದಿ ತಿದ್ದಿ ಬರುವಂಥದ್ದು. ಮಗು ಮನೆಯ ಹತ್ತಿರದ ಶಾಲೆಗೇ ಹೋಗಲಿ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಬೇಕಿಲ್ಲ. ಸಹಪಾಠಿ ಪಕ್ಕದ ಕಟ್ಟಡದಲ್ಲೇ ಇದ್ದರೆ ಊರು ಬೇಗ ತನ್ನದಾಗುತ್ತದೆ. ಸಂಜೆಯೆಲ್ಲ ಶಾಲೆಯ ಬಸ್ಸಿನಲ್ಲೇ ಕಳೆದರೆ ಆ ಗೆಳೆತನಕ್ಕೆ ಹೊತ್ತೆಲ್ಲಿ?

ಎರಡು ಭಾಷೆಯ ನಡುವೆ ಬೆಳೆದವರು ಸೊರಗುತ್ತಾರೆಂದು ಕನ್ನಡಿಗರಂತೂ ಹೇಳುವಂತಿಲ್ಲ. ಮಾಥೇರಾನಿನಲ್ಲಿ ಹುಟ್ಟಿದ ಗಿರೀಶ ಕಾರ್ನಾಡರ ಮನೆಮಾತು ಕೊಂಕಣಿ, ಮೊದಲ ಓದು ಮರಾಠಿಯಲ್ಲಿ. ನಾಟಕಗಳನ್ನು ಬರೆದದ್ದು ಕನ್ನಡದಲ್ಲಿ. ಮುಂದೆ 1974-75ರಲ್ಲಿ ಕೋಥರೂಡಿಗೆ ಹತ್ತಿರದ ಲಾ ಕಾಲೇಜ್ ರಸ್ತೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದರು. ಮರಾಠಿ ಮನೆಮಾತಿನ ಬೇಂದ್ರೆ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದವರು.

ಕನ್ನಡದ ಮಾತು ಬೇರೆ. ಅದನ್ನು ಕೋಥರೂಡಿನ ಶಾಲೆ ಕೊಡಲಾರದು. ಸಿಬಿಎಸ್‌ಇ ಭಾಷಾ ಪಟ್ಟಿಯಲ್ಲಿ ಕನ್ನಡವಿದೆ ನಿಜ, ಕಲಿಸುವ ಶಿಕ್ಷಕರಿಲ್ಲದ ಶಾಲೆಯಲ್ಲಿ ಅದು ಪಟ್ಟಿಯಲ್ಲೇ ಉಳಿಯುತ್ತದೆ. ಮಾತು ಮನೆಯಲ್ಲಿ ಹೇಗೋ ಉಳಿದುಕೊಳ್ಳುತ್ತದೆ, ಮೊದಲು ಜಾರುವುದು ಅಕ್ಷರ. ಕಿವಿಯಿಂದಲೇ ಕನ್ನಡ ಹಿಡಿದವರೂ ಇದ್ದಾರೆ: ಪುಣೆಯ ಉಮಾ ಕುಲಕರ್ಣಿ ಭೈರಪ್ಪನವರ ‘ಪರ್ವ’ವನ್ನೂ ಕನ್ನಡದ ಇನ್ನೆಷ್ಟೋ ಕೃತಿಗಳನ್ನೂ ಮರಾಠಿಗೆ ತಂದವರು. ಪತಿ ವಿರೂಪಾಕ್ಷ ಕುಲಕರ್ಣಿ ಕನ್ನಡವನ್ನು ಗಟ್ಟಿಯಾಗಿ ಓದಬೇಕು, ಅವರು ಕೇಳಿಸಿಕೊಂಡು ಬರೆಯಬೇಕು, ಹೀಗೆ ಸಾಗಿದ ಅನುವಾದವದು. ಅಂಥ ಕಿವಿಯೂ ಅಂಥ ಜೊತೆಯೂ ಎಲ್ಲ ಮನೆಗೂ ಸಿಗುವುದಿಲ್ಲ. ವಾರಕ್ಕೆ ಎರಡು ದಿನ ಅರ್ಧ ಗಂಟೆ ಮಗುವಿನ ಪಕ್ಕ ಕೂತು ಅಕ್ಷರ ತಿದ್ದಿಸುವುದು ಎಲ್ಲರ ಕೈಲೂ ಆಗುವ ಕೆಲಸ.

ಅದಕ್ಕೆ ಬೇಕಾದದ್ದು ಹತ್ತಿರದಲ್ಲೇ ಇದೆ. ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿಯ ಕಚೇರಿ ಸೇನಾಪತಿ ಬಾಪಟ್ ರಸ್ತೆಯಲ್ಲಿದೆ. ಜತ್ತ, ಅಕ್ಕಲಕೋಟೆಯ ಕನ್ನಡ ಶಾಲೆಗಳಿಗೆಂದು ಅದು ಕನ್ನಡ ಮಾಧ್ಯಮದ ಪುಸ್ತಕಗಳನ್ನೂ ಪ್ರಕಟಿಸುತ್ತದೆ. ಜಾಲತಾಣದಿಂದ ಪುಕ್ಕಟೆಯಾಗಿ ಇಳಿಸಿಕೊಳ್ಳಬಹುದು. ಎರಂಡವಣೆಯ ಕೇತ್ಕರ್ ರಸ್ತೆಯಲ್ಲಿ ಪುಣೆ ಕನ್ನಡ ಸಂಘದ ಡಾ. ಕಲ್ಮಾಡಿ ಶಾಮರಾವ್ ಕನ್ನಡ ಮಾಧ್ಯಮ ಶಾಲೆಯೇ ಇದೆ. ದುಬೈನಲ್ಲಿ ಕನ್ನಡ ಮಿತ್ರರು 2014ರಲ್ಲಿ ಶುರು ಮಾಡಿದ ಕನ್ನಡ ಪಾಠಶಾಲೆ ಮರಳುಗಾಡಿನ ನಾಡಿನಲ್ಲಿ ಮಕ್ಕಳಿಗೆ ಅಕ್ಷರ ಕಲಿಸುತ್ತಿರುವಾಗ, ಬೆಳಗಾವಿಗೆ ಒಂದು ರಾತ್ರಿಯ ಬಸ್ಸಿನಷ್ಟು ಹತ್ತಿರವಿರುವವರಿಗೆ ನೆಪ ಸಿಗಬಾರದು.

ಕೋಥರೂಡು, ಬಾವಧನದಲ್ಲಿ ಏಳುತ್ತಿರುವ ಗೋಪುರಗಳ ಕಂಬಿ ಕಟ್ಟಲು ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯಿಂದ ಬಂದ ಕನ್ನಡ ಕುಟುಂಬಗಳೂ ಇವೆ. ಅವರ ವರ್ಗಾವಣೆಗೆ ಆದೇಶವಿಲ್ಲ. ಸ್ಲ್ಯಾಬು ಮುಗಿದರೆ ಇನ್ನೊಂದು ಸೈಟು, ಅದು ನವೆಂಬರ್ ಆದರೂ ಸರಿ, ಪರೀಕ್ಷೆಯ ತಿಂಗಳಾದರೂ ಸರಿ. ಡೋರ್ ಸ್ಟೆಪ್ ಸ್ಕೂಲ್ ಸಂಸ್ಥೆ 1993ರಿಂದ ಪುಣೆಯಲ್ಲಿ ಇಂಥ ಸೈಟುಗಳಿಗೇ ಪಾಠ ಒಯ್ಯುತ್ತಿದೆ. ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ನೂ ಈ ಕುಟುಂಬಗಳ ಕಡೆಗಿದೆ: ಟಿ.ಸಿ. ಬರಲು ತಡವಾಯಿತೆಂದು ಸರ್ಕಾರಿ ಅಥವಾ ಅನುದಾನಿತ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ. ಆದರೆ ಮರಾಠಿ ಬಾರದ ಕೂಲಿಕಾರ ತಾಯಿ ಶಾಲೆಯ ಕಿಟಕಿಯ ಮುಂದೆ ನಿಂತು ಸೆಕ್ಷನ್ ಹೇಳಲಾರಳು. ಎರಡೂ ಭಾಷೆ ಬಲ್ಲ, ಫಾರಂ ತುಂಬುವುದು ಬಲ್ಲ ಕೋಥರೂಡಿನ ಕನ್ನಡಿಗರು ಜೂನ್ ತಿಂಗಳಲ್ಲೊಂದು ಶನಿವಾರ ಅವಳ ಜೊತೆ ಹೋಗಬಹುದು. ಕರ್ನಾಟಕ ಸರ್ಕಾರವೂ ವಲಸೆ ಹೋದ ಮಗುವಿನ ಟಿ.ಸಿ.ಯನ್ನು ಕನ್ನಡ, ಇಂಗ್ಲಿಷ್ ಎರಡರಲ್ಲೂ ಕೊಟ್ಟು ಯುಡೈಸ್‌ನ ಕಾಯಂ ಶಿಕ್ಷಣ ಸಂಖ್ಯೆಯನ್ನು ಅದರ ಮೇಲೇ ದೊಡ್ಡದಾಗಿ ಮುದ್ರಿಸಲಿ. ಯಾದಗಿರಿಯ ಮುಖ್ಯೋಪಾಧ್ಯಾಯರ ಒಂದು ಸಹಿಯಿಂದ ಪುಣೆಯಲ್ಲಿ ಒಂದು ಮಗುವಿನ ಇಡೀ ವರ್ಷ ಉಳಿಯುತ್ತದೆ.