ಕಾರಿನ ಮಾಡಿಗೆ ಕನ್ನಡಿ ಹಂಚು

ನಮ್ಮ ಕಡೆಯ ಹಂಚಿನ ಮಾಡಿನ ಮನೆಗಳಲ್ಲಿ ಅಡುಗೆ ಕೋಣೆಯ ಮೇಲೋ ನಡುಮನೆಯ ಮೇಲೋ ಒಂದೆರಡು ಕನ್ನಡಿ ಹಂಚು ಇರುತ್ತಿದ್ದುವು. ಈಗಲೂ ಹಲವು ಮನೆಗಳಲ್ಲಿ ಉಂಟು. ಬೆಳಕು ಬೇಕು, ಮಳೆ ಬೇಡ ಎಂಬುದಕ್ಕೆ ಹಿರಿಯರು ಕಂಡುಕೊಂಡ ಉಪಾಯ ಅದು. ತೆಂಗಿನಕಾಯಿ ಬಿದ್ದು ಅದು ಒಡೆದರೆ, ಏಣಿ ಇಟ್ಟು ಹತ್ತಿ ಒಡೆದುದನ್ನು ಎಳೆದು ತೆಗೆದು ಹೊಸದನ್ನು ಸೇರಿಸುವುದು ಅರ್ಧ ಗಂಟೆಯ ಕೆಲಸ. ಒಂದು ಹಂಚು ಒಡೆದುದಕ್ಕೆ ಪಕ್ಕಾಸು, ರೀಪುಗಳನ್ನೂ ಬದಲಾಯಿಸಬೇಕೆಂದು ಹೇಳುವ ಆಚಾರಿಯನ್ನು ಯಾರೂ ಎರಡನೆಯ ಸಲ ಮನೆಗೆ ಕರೆಯಲಾರರು.

ಈಗ ಕಾರುಗಳ ಮಾಡಿಗೂ ಕನ್ನಡಿ ಹಂಚು ಬಂದಿದೆ. ಮೊದಮೊದಲು ಮುಂದಿನ ಆಸನಗಳ ಮೇಲೆ ಒಂದು ಕಿಂಡಿಯಂತೆ ಇದ್ದುದು, 2019ರ ಎಂ.ಜಿ. ಹೆಕ್ಟರ್, 2020ರ ಹೊಸ ಹ್ಯುಂಡೈ ಕ್ರೆಟಾ ಮುಂತಾದ ಕಾರುಗಳ ಕಾಲಕ್ಕೆ ಹಿಂದಿನ ಆಸನದ ವರೆಗೂ ಹರಡಿ, ಪನೋರಮಿಕ್ ಸನ್‌ರೂಫ್ ಎಂಬ ಹೆಸರಿನಿಂದ ಮನೆಮಾತಾಯಿತು. ಕೆ.ಎಲ್. 14 ನಂಬರಿನ ಕಾರುಗಳಲ್ಲಿ ಇದು ಇಂದು ಅಪರೂಪವಲ್ಲ. ಕೊಲ್ಲಿ ನಾಡುಗಳಿಂದ ರಜೆಯಲ್ಲಿ ಬಂದವರು ಮಾತ್ರವಲ್ಲ, ಬ್ಯಾಂಕಿನ ಸಾಲದಲ್ಲಿ ಕಾರು ಕೊಳ್ಳುವ ನಮ್ಮಂತಹ ಮಾಸ್ತರರೂ ಷೋರೂಮಿಗೆ ಹೋದೊಡನೆ ಮೊದಲು ಕೇಳುವುದು "ಸನ್‌ರೂಫ್ ಉಂಟೋ?" ಎಂದೇ. ಅದು ಒಡೆದರೆ ಏನು ಎಂದು ಕೇಳುವವರು ಕಡಿಮೆ. ಹೇಳುವವರಂತೂ ಇನ್ನೂ ಕಡಿಮೆ.

ಒಡೆಯುವ ಸಂದರ್ಭಗಳಿಗೆ ನಮ್ಮ ಜಿಲ್ಲೆಯಲ್ಲಿ ಬರಗಾಲವಿಲ್ಲ. ಅಂಗಳದಲ್ಲಿ ತೆಂಗು, ಅಂಗಳದ ಕೆಳಗೆ ಅಡಿಕೆ ತೋಟ, ಕಾರು ನಿಲ್ಲಿಸುವುದು ಇವುಗಳ ನೆರಳಿನಲ್ಲಿಯೇ. 15 ಮೀಟರ್ ಎತ್ತರದಿಂದ ಉದುರಿದ ಕಾಯಿ ಕಾರಿನ ಮಾಡನ್ನು ಮುಟ್ಟುವಾಗ ಅದರ ವೇಗ ಗಂಟೆಗೆ ಸುಮಾರು 60 ಕಿಲೋಮೀಟರ್. ಒಂಬತ್ತನೆಯ ತರಗತಿಯ ಮಕ್ಕಳೇ ಈ ಲೆಕ್ಕವನ್ನು ಮಾಡಬಲ್ಲರು. ಒಂದು ಕಿಲೋಗ್ರಾಮಿಗೂ ಮಿಕ್ಕಿದ ಭಾರ ಆ ವೇಗದಲ್ಲಿ ಬಂದು ಬಿದ್ದಾಗ ತಗಡಿನ ಮಾಡಾದರೆ ತಗ್ಗುತ್ತದೆ, ಗಾಜಿನ ಮಾಡು ಪುಡಿಯಾಗುತ್ತದೆ.

ಪುಡಿಯಾಗುವುದು ಆ ಗಾಜಿನ ಸ್ವಭಾವ. ಕಾರಿನಲ್ಲಿ ಎರಡು ಜಾತಿಯ ಗಾಜುಗಳಿರುತ್ತವೆ. ಮುಂದಿನ ದೊಡ್ಡ ಗಾಜು ಲ್ಯಾಮಿನೇಟೆಡ್. ಅಂದರೆ ಎರಡು ಗಾಜುಗಳ ನಡುವೆ ಒಂದು ತೆಳ್ಳನೆಯ ಪ್ಲಾಸ್ಟಿಕ್ ಪದರ. ಕಲ್ಲು ಬಡಿದರೆ ಬಿರುಕು ಬಿಡುತ್ತದೆಯೇ ಹೊರತು ಚೂರುಗಳು ಪದರಕ್ಕೆ ಅಂಟಿಕೊಂಡು ನಿಲ್ಲುತ್ತವೆ. ಬದಿಯ ಕಿಟಿಕಿಗಳದ್ದು ಟೆಂಪರ್ಡ್ ಗಾಜು. ಅದನ್ನು 600 ಡಿಗ್ರಿಗೂ ಮೀರಿ ಕಾಯಿಸಿ, ಗಾಳಿ ಊದಿ ಒಮ್ಮೆಲೇ ತಣಿಸುತ್ತಾರೆ. ಹೊರಮೈ ಮೊದಲು ಗಟ್ಟಿಯಾಗಿ, ಒಳಭಾಗ ನಿಧಾನವಾಗಿ ಕುಗ್ಗುವುದರಿಂದ ಹೊರಗೆ ಒತ್ತಡ, ಒಳಗೆ ಎಳೆತ ಉಳಿದುಬಿಡುತ್ತದೆ. ಇದರಿಂದ ಗಾಜಿನ ಬಲ ಹೆಚ್ಚುವುದು ನಿಜ. ಆದರೆ ಎಲ್ಲಿಯಾದರೂ ಒಂದು ಕಡೆ ಪೆಟ್ಟು ಒಳಭಾಗಕ್ಕೆ ಇಳಿದರೆ ಇಡೀ ಹಲಗೆ ಒಂದೇ ಕ್ಷಣದಲ್ಲಿ ಜೋಳದ ಕಾಳಿನಂತಹ ಚೂರುಗಳಾಗುತ್ತದೆ. ಇಂತಹ ಗಾಜನ್ನು ಕೊರೆಯಲು, ಕತ್ತರಿಸಲು, ಬಿರುಕಿಗೆ ಅಂಟು ತುಂಬಲು ಸಾಧ್ಯವಿಲ್ಲ. ಬದಲಾಯಿಸುವುದೊಂದೇ ದಾರಿ. ಮಾಡಿನ ಗಾಜು ಹೆಚ್ಚಿನ ಕಾರುಗಳಲ್ಲಿ ಈ ಎರಡನೆಯ ಜಾತಿಯದು.

ಕಳೆದ ಮಳೆಗಾಲದ ಆರಂಭದಲ್ಲಿ ನಮ್ಮ ಗಣಿತದ ಮಾಸ್ತರರ ಕಾರಿಗೆ ಇದೇ ಗತಿಯಾಯಿತು. ಕಾಯಿ ಬಿದ್ದುದು ಮುಂದಿನ ಗಾಜಿನ ಮೇಲೆ. ಹಿಂದಿನ ಗಾಜಿಗೆ ಗೀರೂ ಇಲ್ಲ. ನಮ್ಮವರ ರೂಢಿಯಂತೆ ಕಾರನ್ನು ಮಂಗಳೂರಿಗೆ ಕೊಂಡುಹೋದರು. ಅಲ್ಲಿಯ ಸರ್ವಿಸ್ ಅಡ್ವೈಸರ್ ಮೇಲೆ ಹತ್ತಿ ನೋಡಿಯೂ ನೋಡದೆ ಎಸ್ಟಿಮೇಟ್ ಬರೆದ.

"ಸರ್, ಗ್ಲಾಸ್ ಮಾತ್ರ ಬರುವುದಿಲ್ಲ. ಫುಲ್ ಸೆಟ್ ಹಾಕಬೇಕು."

"ಮೋಟರು ಸರಿ ಉಂಟಲ್ಲ ಮಾರಾಯ್ರೆ, ಹಳಿಯೂ ಬಗ್ಗಲಿಲ್ಲ."

"ಕಂಪೆನಿ ಹಾಗೆ ಕೊಡುವುದು ಸರ್. ಇನ್ಶೂರೆನ್ಸ್ ಉಂಟಲ್ಲ, ನಿಮಗೇನು ನಷ್ಟ?"

ಗಣಿತದವರಾದ್ದರಿಂದ ಅವರು ಒಂದು ಕೆಲಸ ಮಾಡಿದರು. ಗಾಜಿನ ಹಲಗೆ ಪ್ರತ್ಯೇಕವಾಗಿ ಸಿಗುವುದಿಲ್ಲವೆಂಬುದನ್ನು ಕಾಗದದಲ್ಲಿ ಬರೆದುಕೊಡಿ ಎಂದರು. ಕಾಗದ ಸಿಗಲಿಲ್ಲ. ಮರುದಿನ ಫೋನ್ ಬಂತು: ಗಾಜು ಮಾತ್ರ ತರಿಸಬಹುದಂತೆ, ಹದಿನೈದು ದಿನ ಆಗುತ್ತದಂತೆ.

ಹೆಚ್ಚಿನ ಮಾದರಿಗಳಲ್ಲಿ ಮುಂದಿನ ಗಾಜು, ಹಿಂದಿನ ಗಾಜು, ಅವನ್ನು ಹೊರುವ ಚೌಕಟ್ಟು, ಮೋಟರು ಇವಕ್ಕೆಲ್ಲ ಬೇರೆ ಬೇರೆ ಪಾರ್ಟ್ ನಂಬರು ಇರುತ್ತದೆ. ಕಾಯಿಯ ಪೆಟ್ಟಿಗೆ ಹಳಿಯೇ ಬಗ್ಗಿದ್ದರೆ ಇಡೀ ಸೆಟ್ ಹಾಕಬೇಕಾದೀತು, ಅದಕ್ಕೆ ತಕರಾರಿಲ್ಲ. ಬಗ್ಗಿದುದನ್ನು ತೋರಿಸಿ ಹೇಳಲಿ ಎಂಬುದಷ್ಟೇ ನಮ್ಮ ಮಾತು.

"ನಿಮಗೇನು ನಷ್ಟ" ಎಂಬ ಆ ಮಾತನ್ನು ಸ್ವಲ್ಪ ತೂಗಿ ನೋಡೋಣ. ಥರ್ಡ್ ಪಾರ್ಟಿ ವಿಮೆ ಮಾತ್ರ ಇದ್ದವರಿಗೆ ಒಂದು ಪೈಸೆಯೂ ಬರುವುದಿಲ್ಲ. ಸ್ವಂತ ಹಾನಿಯ ವಿಮೆ ಇದ್ದರೆ ಗಾಜಿನ ಬೆಲೆಯಲ್ಲಿ ಸವಕಳಿ ಕಳೆಯುವ ಕ್ರಮವಿಲ್ಲ. ಆದರೆ ರಬ್ಬರ್, ಪ್ಲಾಸ್ಟಿಕ್ ಭಾಗಗಳಿಗೆ ನೂರಕ್ಕೆ 50ರಂತೆಯೂ ಲೋಹದ ಭಾಗಗಳಿಗೆ ಕಾರಿನ ವಯಸ್ಸಿಗೆ ಅನುಸರಿಸಿಯೂ ಸವಕಳಿ ಉಂಟು. ಗಾಜು ಮಾತ್ರ ಬದಲಾಯಿಸಿದರೆ ಸೊನ್ನೆಯಾಗಬಹುದಾದ ಸವಕಳಿ, ಸೆಟ್ ಬದಲಾಯಿಸಿದಾಗ ಹಳಿ, ಬೀಡಿಂಗ್, ಮೋಟರುಗಳ ಲೆಕ್ಕದಲ್ಲಿ ಮಾಲಕನ ತಲೆಗೆ ಬರುತ್ತದೆ. ಇದಕ್ಕೆಂದು ಬೇರೆ ಪ್ರೀಮಿಯಂ ತೆತ್ತು ಸವಕಳಿಯಿಲ್ಲದ ವಿಮೆ ಮಾಡಿಸಿಕೊಂಡವರು ಮಾತ್ರ ಪಾರು. ಕಡ್ಡಾಯ ಕಡಿತ ಬೇರೆ: 1500 ಸಿ.ಸಿ. ವರೆಗಿನ ಕಾರಿಗೆ 1000 ರೂಪಾಯಿ, ಅದಕ್ಕೆ ಮೇಲ್ಪಟ್ಟುದಕ್ಕೆ 2000.

ಇದಕ್ಕಿಂತ ದೊಡ್ಡ ನಷ್ಟ ಕಣ್ಣಿಗೆ ಕಾಣದಿರುವುದು. ಪರಿಹಾರ ಕೇಳದ ವರ್ಷಗಳಿಗಾಗಿ ಕೊಡುವ ನೋ ಕ್ಲೈಮ್ ಬೋನಸ್ 20, 25, 35, 45, 50 ಎಂದು ಶೇಕಡಾವಾರು ಮೆಟ್ಟಿಲು ಹತ್ತುತ್ತದೆ. ಒಂದು ಸಲ ಪರಿಹಾರ ಪಡೆದರೆ ಮೇಲಿನ ಮೆಟ್ಟಿಲಿನಿಂದ ನೇರ ನೆಲಕ್ಕೆ. ಸ್ವಂತ ಹಾನಿಯ ಪ್ರೀಮಿಯಂ ವರ್ಷಕ್ಕೆ 10,000 ರೂಪಾಯಿ, ಅದು ಬದಲಾಗುವುದಿಲ್ಲ ಎಂದು ಲೆಕ್ಕಕ್ಕಾಗಿ ಹಿಡಿಯಿರಿ. 50ರ ಮೆಟ್ಟಿಲಿನಲ್ಲಿದ್ದವನು ಪುನಃ ಅಲ್ಲಿಗೆ ತಲುಪುವಷ್ಟರಲ್ಲಿ ಕ್ರಮವಾಗಿ 5000, 3000, 2500, 1500, 500 ಎಂದು ಒಟ್ಟು 12,500 ರೂಪಾಯಿ ಹೆಚ್ಚಿಗೆ ತೆರುತ್ತಾನೆ. ಆದುದರಿಂದ ಗಾಜಿನ ಖರ್ಚು ಇದರ ಆಸುಪಾಸಿನಲ್ಲಿದ್ದರೆ ಕೈಯಿಂದ ಕೊಡುವುದೇ ಲಾಭ. ಬಹಳ ಮೀರಿದರೆ ವಿಮೆಗೆ ಹೋಗಬೇಕು. ಕೆಲವು ಪಾಲಿಸಿಗಳಲ್ಲಿ ಬೋನಸನ್ನು ಉಳಿಸುವ ಪ್ರತ್ಯೇಕ ಷರತ್ತು ಇರುತ್ತದೆ. ಇಂಗ್ಲಿಷಿನ ಸಣ್ಣ ಅಕ್ಷರವೆಂದು ಬೇಸರಿಸದೆ, ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಅವರಿಂದಲಾದರೂ ಓದಿಸಿಕೊಳ್ಳುವುದು ಒಳ್ಳೆಯದು.

ಇಷ್ಟೆಲ್ಲ ತೆಂಗಿನಕಾಯಿ ಬಿದ್ದುದು ಕಣ್ಣಾರೆ ಕಂಡಿದ್ದರೆ. ಏನೂ ಬೀಳದೆ, ಯಾರೂ ಮುಟ್ಟದೆ ಗಾಜು ಒಡೆದರೆ? ಇದು ಕಟ್ಟುಕತೆಯಲ್ಲ. ಟೆಂಪರ್ಡ್ ಗಾಜಿನೊಳಗೆ ನಿಕ್ಕೆಲ್ ಸಲ್ಫೈಡ್ ಎಂಬ ಕಲ್ಮಶದ ಕಣ ಉಳಿದುಕೊಂಡಿದ್ದರೆ ಅದು ಕಾಲಕ್ರಮದಲ್ಲಿ ಹಿಗ್ಗಿ, ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಗಾಜನ್ನು ಒಳಗಿನಿಂದಲೇ ಒಡೆಯಬಲ್ಲದು. ಕೂರಿಸುವಾಗ ಅಂಚಿಗೆ ತಗಲಿದ ಸಣ್ಣ ಪೆಟ್ಟೂ ಹಾಗೆಯೇ. ಅಮೆರಿಕದ ಕನ್ಸೂಮರ್ ರಿಪೋರ್ಟ್ಸ್ ಪತ್ರಿಕೆ 2017ರಲ್ಲಿ ಪ್ರಕಟಿಸಿದ ತನಿಖೆಯಲ್ಲಿ, 1995ರಿಂದೀಚೆಗೆ ಮಾಡಿನ ಗಾಜು ತಾನಾಗಿ ಒಡೆದ ಬಗ್ಗೆ ಅಲ್ಲಿಯ ಸರಕಾರಕ್ಕೆ ಕನಿಷ್ಠ 859 ದೂರುಗಳು ಹೋಗಿದ್ದುದನ್ನು ಎಣಿಸಿ ಕೊಟ್ಟಿತ್ತು. ಅದಕ್ಕೂ ಮೊದಲು, 2012ರಲ್ಲಿ, ಹ್ಯುಂಡೈ ಕಂಪೆನಿ ವೆಲೋಸ್ಟರ್ ಎಂಬ ಕಾರನ್ನು ಇದೇ ಕಾರಣಕ್ಕಾಗಿ ಅಲ್ಲಿ ಹಿಂದಕ್ಕೆ ಕರೆಸಿಕೊಂಡಿತ್ತು.

ಇಂತಹ ಸಂದರ್ಭದಲ್ಲಿ ಬಡಪಾಯಿ ಮಾಲಕ ಚೆಂಡಿನಂತೆ ಆಗುತ್ತಾನೆ. ವಾರಂಟಿ ಕೇಳಿದರೆ "ಹೊರಗಿನ ಪೆಟ್ಟು, ವಿಮೆಗೆ ಹೋಗಿ" ಎಂಬ ಉತ್ತರ. ವಿಮೆಯವರಲ್ಲಿ ಹೋದರೆ "ಪೆಟ್ಟಿನ ಗುರುತಿಲ್ಲ, ತಯಾರಿಕೆಯ ದೋಷ" ಎಂಬ ಉತ್ತರ. ಇಬ್ಬರ ಮಾತೂ ನಿಜವಾಗಿರಲು ಸಾಧ್ಯವಿಲ್ಲವಷ್ಟೆ! ನಿಜವನ್ನು ಹೇಳಬಲ್ಲುದು ಒಡೆದ ಚೂರುಗಳು ಮಾತ್ರ. ನಿಕ್ಕೆಲ್ ಸಲ್ಫೈಡಿನಿಂದ ಒಡೆದಲ್ಲಿ, ಒಡಕು ಹುಟ್ಟಿದ ಜಾಗದಲ್ಲಿ ಚಿಟ್ಟೆಯ ಎರಡು ರೆಕ್ಕೆಗಳಂತೆ ಜೋಡಿ ಚೂರುಗಳು ಕಾಣಸಿಗುವುದುಂಟು. ಆದುದರಿಂದ ಗುಡಿಸಿ ಬಿಸಾಡುವ ಮೊದಲು ಎಲ್ಲ ಕಡೆಯಿಂದ ಫೋಟೋ ತೆಗೆದು, ಚೂರುಗಳನ್ನು ಒಂದು ಡಬ್ಬದಲ್ಲಿ ತೆಗೆದಿರಿಸಬೇಕು. 2019ರ ಗ್ರಾಹಕ ಸಂರಕ್ಷಣಾ ಕಾನೂನಿನ ಪ್ರಕಾರ, ದೋಷ ಉಂಟೋ ಇಲ್ಲವೋ ಎಂದು ಪರೀಕ್ಷೆಯಿಲ್ಲದೆ ತಿಳಿಯದಿದ್ದಲ್ಲಿ ಜಿಲ್ಲಾ ಆಯೋಗವು ವಸ್ತುವನ್ನು ಪ್ರಯೋಗಾಲಯಕ್ಕೆ ಕಳುಹಿಸಬಹುದು. ಕಳುಹಿಸಲು ವಸ್ತುವೇ ಇಲ್ಲದಿದ್ದರೆ ಅವರಾದರೂ ಏನು ಮಾಡಿಯಾರು?

ನಮ್ಮವರಿಗೆ ಈ ಕಾನೂನಿನಲ್ಲಿ ಇನ್ನೊಂದು ಅನುಕೂಲ ಉಂಟು. ಹೆಚ್ಚಿನವರಿಗೆ ಅದು ತಿಳಿಯದು. ದೂರನ್ನು ಕೊಂಡುಕೊಂಡ ಊರಿನಲ್ಲಿಯೇ ಕೊಡಬೇಕೆಂದಿಲ್ಲ, ದೂರುದಾರ ವಾಸಿಸುವ ಜಿಲ್ಲೆಯಲ್ಲಿ ಕೊಡಬಹುದು. ಮಂಜೇಶ್ವರದವರೋ ಬದಿಯಡ್ಕದವರೋ ಮಂಗಳೂರಿನಲ್ಲಿ ಕಾರು ಕೊಂಡು, ಅಲ್ಲಿಯೇ ರಿಪೇರಿ ಮಾಡಿಸಿ, ತಕರಾರು ಬಂದಾಗ ಗಡಿಯಾಚೆಯ ಕೋರ್ಟಿಗೆ ಯಾರು ಅಲೆಯುವುದೆಂದು ಸುಮ್ಮನಾಗುವುದು ಅನವಶ್ಯ. ಕಾಸರಗೋಡಿನ ಜಿಲ್ಲಾ ಗ್ರಾಹಕ ಆಯೋಗವೇ ಸಾಕು. ಅವಧಿ ಎರಡು ವರ್ಷ. ಅದಕ್ಕೂ ಮೊದಲು 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಹೇಳಿ ನೋಡಬಹುದು. ಬಿಡಿಭಾಗ, ರಿಪೇರಿಯ ವಿವರಗಳು ಗ್ರಾಹಕನಿಗೆ ದೊರೆಯಬೇಕೆಂದು ಕೇಂದ್ರ ಸರಕಾರ 2022ರ ಡಿಸೆಂಬರಿನಲ್ಲಿ ರಿಪೇರಿಯ ಹಕ್ಕಿನ ಒಂದು ಜಾಲತಾಣವನ್ನು ತೆರೆದುದೂ ಉಂಟು. ಆ ಪ್ರಯತ್ನದಲ್ಲಿ ಮೋಟಾರು ವಾಹನಗಳೂ ಸೇರಿವೆ. ಆದರೆ ಕಂಪೆನಿಗಳ ಮೇಲೆ ಅದು ಕಟ್ಟುನಿಟ್ಟಿನ ಕಾನೂನಾಗಿ ಬರದ ಹೊರತು "ಫುಲ್ ಸೆಟ್" ಎಂಬ ಪಲ್ಲವಿ ನಿಲ್ಲಲಾರದೆಂದು ನನ್ನ ಅಭಿಪ್ರಾಯ.

ಕಾನೂನು ಮಾಡುವವರಲ್ಲಿ ಕೇಳಬೇಕಾದ ಇನ್ನೊಂದು ವಿಷಯವಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 100ನೆಯದು ಮುಂದಿನ ಗಾಜು ಲ್ಯಾಮಿನೇಟೆಡ್ ಆಗಿರಲೇಬೇಕೆಂದು ವಿಧಿಸುತ್ತದೆ. ಮಾಡಿನ ಗಾಜಿಗೆ ಆ ಕಡ್ಡಾಯವಿಲ್ಲ. ಮುಂದಿನ ಗಾಜು ಒಡೆದರೆ ಚೂರು ಮುಖಕ್ಕೆ ಬರುತ್ತದೆಂದು ಎಚ್ಚರ ವಹಿಸಿದವರು, ನೆತ್ತಿಯ ಮೇಲಿನದನ್ನು ಯಾಕೆ ಬಿಟ್ಟರು? ಕಾರು ಮಗುಚಿದಾಗ ಒಳಗಿದ್ದವರು ಹೊರಗೆ ಎಸೆಯಲ್ಪಡದಂತೆ ತಡೆಯಲು ಲ್ಯಾಮಿನೇಟೆಡ್ ಗಾಜಿಗೆ ಸ್ವಲ್ಪವಾದರೂ ಶಕ್ತಿಯಿದೆ. ಕಾಳುಕಾಳಾದ ಗಾಜಿಗೆ ಏನೂ ಇಲ್ಲ. ಭಾರ ಹೆಚ್ಚು, ಬೆಲೆ ಹೆಚ್ಚು ಎಂಬ ಸಮಾಧಾನ ಬಂದೀತು. ಅಷ್ಟು ದೊಡ್ಡ ಗಾಜನ್ನು ಅಲಂಕಾರಕ್ಕಾಗಿ ಮಾರುವಾಗ ಇಲ್ಲದ ಬೆಲೆಯ ಚಿಂತೆ ಸುರಕ್ಷೆಯ ಮಾತು ಬಂದಾಗ ಮಾತ್ರ ಏಳುವುದು ವಿಚಿತ್ರ. ಕಡ್ಡಾಯವಾಗುವ ವರೆಗೆ, ಯಾವ ಜಾತಿಯ ಗಾಜೆಂಬುದನ್ನು ಮಾರಾಟದ ಕಾಗದದಲ್ಲಾದರೂ ಬರೆಯಲಿ. ಗಾಜಿನ ಮೂಲೆಯಲ್ಲಿ ಅಚ್ಚೊತ್ತಿದ ಗುರುತನ್ನು ನೋಡಿ, ಕೊಳ್ಳುವ ಮೊದಲೇ ಕೇಳಿ ತಿಳಿಯುವುದು ನಮ್ಮ ಕೈಯಲ್ಲಿಯೂ ಇದೆ. (ಮದುವೆ ದಿಬ್ಬಣದಲ್ಲಿ ಮಕ್ಕಳನ್ನು ಅದೇ ಕಿಂಡಿಯಿಂದ ಅರ್ಧ ಮೈ ಹೊರಗೆ ನಿಲ್ಲಿಸಿ ಹೆದ್ದಾರಿಯಲ್ಲಿ ಓಡಿಸುವವರಿಗೆ ಯಾವ ಗಾಜಿನಿಂದಲೂ ರಕ್ಷಣೆಯಿಲ್ಲ, ಆ ವಿಚಾರ ಬೇರೆಯೇ ಬರೆಯಬೇಕು.)

ಇನ್ನು ಗಾಜು ಬಂದ ಮೇಲಿನ ಕೆಲಸ. ಒಡೆದ ಮೇಲೆ ತೆರೆಯುವ, ಮುಚ್ಚುವ ಸ್ವಿಚ್ಚನ್ನು ಒತ್ತಲೇಬಾರದು. ಚೂರು ಹಳಿಗೆ ಸಿಕ್ಕಿ, ಸರಿಯಿದ್ದ ಹಳಿಯೂ ಕೆಟ್ಟು "ಫುಲ್ ಸೆಟ್" ಆಗ ನಿಜಕ್ಕೂ ಬೇಕಾಗುತ್ತದೆ. ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಹೊರಗಿನಿಂದ ಟೇಪಿನಿಂದ ಅಂಟಿಸಿ ನಿಧಾನವಾಗಿ ಓಡಿಸಬೇಕು. ಚಲಿಸುವ ಗಾಜನ್ನು ಸಾಮಾನ್ಯವಾಗಿ ಎರಡು ಬದಿಯ ತೋಳುಗಳಿಗೆ ಸ್ಕ್ರೂಗಳಿಂದ ಬಿಗಿದಿರುತ್ತಾರೆ. ಹೊಸದನ್ನು ಕೂರಿಸುವಾಗ ಅದರ ಮುಂದಿನ ಅಂಚು ಮಾಡಿನ ತಗಡಿಗಿಂತ ಕೂದಲೆಳೆಯಷ್ಟು ತಗ್ಗಿ, ಹಿಂದಿನ ಅಂಚು ಅಷ್ಟೇ ಎದ್ದು ನಿಲ್ಲುವಂತೆ ಹೊಂದಿಸದಿದ್ದರೆ ವೇಗದಲ್ಲಿ ಗಾಳಿ ಸಿಳ್ಳು ಹಾಕುತ್ತದೆ. ಬಳಿಕ ಮೋಟರಿಗೆ ತೆರೆಯುವ, ಮುಚ್ಚುವ ಎಲ್ಲೆಗಳನ್ನು ಸ್ವಿಚ್ಚಿನ ಮೂಲಕ ಪುನಃ ಕಲಿಸಿಕೊಡಬೇಕು. ಇಲ್ಲವಾದರೆ ಬೆರಳು ಸಿಕ್ಕಿದಾಗ ಹಿಂದೆ ಸರಿಯುವ ವ್ಯವಸ್ಥೆ ಕೈಕೊಡಬಹುದು. ಹಿಂದಿನ ಸ್ಥಿರವಾದ ಗಾಜಾದರೆ ಅಂಟಿನದು. ಹಳೆಯ ಅಂಟನ್ನು ಕೊಯ್ದು ತೆಗೆದು, ಅಂಚನ್ನು ಒರಸಿ ಒಣಗಿಸಿ, ಹೊಸ ಅಂಟು ಹಿಡಿಯುವ ವರೆಗೆ ಕಾರನ್ನು ಕದಲಿಸಬಾರದು. ಆಟಿಯ ಮಳೆಯಲ್ಲಿ ಅಂಗಳದಲ್ಲಿ ನಿಲ್ಲಿಸಿ ಮಾಡುವ ಕೆಲಸವಲ್ಲ ಇದು.

ಮಳೆಯ ಮಾತು ಬಂತಾದ್ದರಿಂದ ಒಂದು ಸಂಗತಿಯನ್ನು ಹೇಳಿಬಿಡುತ್ತೇನೆ. ಮಾಡಿನ ಗಾಜಿನ ಸುತ್ತಲಿನ ರಬ್ಬರ್ ನೀರನ್ನು ಪೂರ್ತಿ ತಡೆಯುವುದಿಲ್ಲ. ಒಳಗೆ ಇಳಿದ ನೀರನ್ನು ಚೌಕಟ್ಟಿನ ಸುತ್ತ ಇರುವ ಕಾಲುವೆ ಹಿಡಿದು, ಮೂಲೆಗಳಲ್ಲಿರುವ ತೆಳ್ಳನೆಯ ಕೊಳವೆಗಳ ಮೂಲಕ ಕೆಳಗೆ ಬಿಡುತ್ತದೆ. ವರ್ಷಕ್ಕೆ 3000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ನಮ್ಮ ಜಿಲ್ಲೆಯಲ್ಲಿ ಈ ಕೊಳವೆಗಳೇ ಕಾರಿನ ಮಾಡಿನ ದಂಬೆ. ಒಡೆದ ಗಾಜಿನ ಕಾಳುಗಳು, ಹೂವು, ಎಲೆಯ ಚೂರುಗಳು ಇವುಗಳಲ್ಲಿ ಸಿಕ್ಕಿಕೊಂಡರೆ ನೀರು ಸೀಟಿನ ಮೇಲೆ ಬರುತ್ತದೆ. ಹೊಸ ಗಾಜು ಸೋರುತ್ತದೆಂದು ಪುನಃ ವರ್ಕ್‌ಶಾಪಿಗೆ ಓಡಬೇಕಾಗುತ್ತದೆ. ಆದುದರಿಂದ ಕಾರನ್ನು ಪಡೆಯುವಾಗ ಒಂದು ಲೋಟ ನೀರು ಕೇಳಿ, ಗಾಜನ್ನು ತೆರೆಸಿ, ಕಾಲುವೆಯ ಒಂದೊಂದು ಮೂಲೆಗೂ ನಿಧಾನವಾಗಿ ಹೊಯ್ದು ನೋಡಬೇಕು. ನೀರು ಕಾರಿನ ಅಡಿಯಲ್ಲಿ ನೆಲಕ್ಕೆ ತೊಟ್ಟಿಕ್ಕುವ ವರೆಗೆ, ಕೆಲಸ ತೃಪ್ತಿಕರವಾಗಿದೆ ಎಂಬ ಕಾಗದಕ್ಕೆ ಸಹಿ ಹಾಕಬೇಕಾಗಿಲ್ಲ.