ಮಂಡ್ಯ: ಬೋರ್ಡ್ ಹಾಕದ ಮೀಸಲು ಕ್ಷೇತ್ರ

ಮಂಡ್ಯ ಲೋಕಸಭಾ ಕ್ಷೇತ್ರ ‘ಸಾಮಾನ್ಯ’ ಕ್ಷೇತ್ರ. ಸಾಮಾನ್ಯ ಅಂದ್ರೆ ಎಲ್ಲರದೂ ಅಂತ ಅರ್ಥ. 25 ವರ್ಷ ತುಂಬಿದ ಯಾವ ಮತದಾರ ಬೇಕಾದ್ರೂ ನಿಲ್ಲಬಹುದು. ಹಾಗಾದ್ರೆ 1952ರಿಂದ 2024ರವರೆಗಿನ 18 ಸಾರ್ವತ್ರಿಕ ಚುನಾವಣೆಗಳು, ನಡುವೆ ಬಂದ ಉಪಚುನಾವಣೆಗಳು, ಇಷ್ಟರಲ್ಲೂ ಗೆದ್ದವರ ಪಟ್ಟಿ ತೆಗೆದು ನೋಡಿ. ಒಬ್ಬೇ ಒಬ್ಬ ದಲಿತನ ಹೆಸರು ಸಿಗಲ್ಲ.

ಎಂ.ಕೆ. ಶಿವನಂಜಪ್ಪ ನಾಲ್ಕು ಸಲ. ಆಮೇಲೆ ಎಸ್.ಎಂ. ಕೃಷ್ಣ, ಕೆ. ಚಿಕ್ಕಲಿಂಗಯ್ಯ, ಕೆ.ವಿ. ಶಂಕರಗೌಡ, ಜಿ. ಮಾದೇಗೌಡ, ಕೆ.ಆರ್. ಪೇಟೆ ಕೃಷ್ಣ, ಅಂಬರೀಶ್, ಚಲುವರಾಯಸ್ವಾಮಿ, ರಮ್ಯಾ, ಪುಟ್ಟರಾಜು, ಶಿವರಾಮೇಗೌಡ, ಸುಮಲತಾ, ಈಗ ಕುಮಾರಸ್ವಾಮಿ. ಕಾಂಗ್ರೆಸ್ ಬಂತು, ಪಿಎಸ್‌ಪಿ ಬಂತು, ಜನತಾ ಪಕ್ಷ, ಜನತಾದಳ, ಜೆಡಿಎಸ್ ಬಂತು, ಪಕ್ಷೇತರರೂ ಗೆದ್ರು. ಬಾವುಟ ಬದಲಾಯ್ತು. ಅಭ್ಯರ್ಥಿ ಊರಿನ ಯಾವ ಬೀದಿಯಿಂದ ಬರಬೇಕು ಅನ್ನೋದು ಮಾತ್ರ ಬದಲಾಗಲಿಲ್ಲ. ಕೇರಿಯಿಂದ ಹೊರಟವರು ಯಾರೂ ದೆಹಲಿ ಮುಟ್ಟಲಿಲ್ಲ.

ಇವರಲ್ಲಿ ಒಳ್ಳೆಯವರೇ ಇರಲಿಲ್ಲ ಅಂತ ನಾನು ಹೇಳ್ತಿಲ್ಲ. ಶಂಕರಗೌಡರು ಕಟ್ಟಿದ ವಿದ್ಯಾಸಂಸ್ಥೆಯಲ್ಲಿ ನಮ್ಮ ಮಕ್ಕಳೂ ಓದಿದ್ದಾರೆ. ಮಾದೇಗೌಡರು ಕಾವೇರಿಗಾಗಿ ಮುಪ್ಪಿನಲ್ಲೂ ಬೀದಿಗಿಳಿದವರು. ಆ ಹೋರಾಟದಲ್ಲಿ ನಾವೂ ರಸ್ತೆ ಮೇಲೆ ಕೂತಿದ್ದೀವಿ. ಆದ್ರೆ ನಾಲೆಗೆ ನೀರು ಬಂದಾಗ ಅದು ಜಮೀನು ಇದ್ದೋರ ಗದ್ದೆಗೆ ಹೋಯ್ತು. ಜಮೀನೇ ಇಲ್ಲದ, ಕಬ್ಬು ಕಡಿಯೋ ಕೂಲಿಯವನ ಪಾಲಿನ ಕಾವೇರಿ ಎಲ್ಲಿ ಅಂತ ಸಂಸತ್ತಿನಲ್ಲಿ ಕೇಳೋಕೆ ಆ ಬದುಕು ಬಲ್ಲ ಒಬ್ಬರಾದ್ರೂ ಅಲ್ಲಿರಬೇಕಲ್ವಾ?

ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಬ್ಲಫ್ ಅಂತ ಜಾಗ ಇದೆ, ನಮ್ಮ ಕಡೆಯವರಿಗೆಲ್ಲ ಗೊತ್ತು. 1902ರಲ್ಲಿ ಅಲ್ಲಿ ಕಾವೇರಿ ನೀರಿಂದ ತಯಾರಾದ ಕರೆಂಟು ಮೊದಲು ಹೋಗಿದ್ದು ಮಳವಳ್ಳಿಗಲ್ಲ, ಮಂಡ್ಯಕ್ಕೂ ಅಲ್ಲ. ಸುಮಾರು 150 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. ನಮ್ಮ ವೋಟಿನ ಕತೆಯೂ ಅದೇ. ತಯಾರಾಗೋದು ನಮ್ಮ ಕೇರಿಯಲ್ಲಿ, ದೀಪ ಉರಿಯೋದು ಬೇರೆಯವರ ಮನೆಯಲ್ಲಿ.

“ನಿಮಗೆ ಮಳವಳ್ಳಿ ವಿಧಾನಸಭೆ ಕೊಟ್ಟಿದ್ದೀವಲ್ಲ” ಅಂತಾರೆ. ಕೊಟ್ಟಿದ್ದು ಇವರಲ್ಲ, ಸಂವಿಧಾನ. ಮಂಡ್ಯ ಲೋಕಸಭೆಗೆ ಸೇರಿದ ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ ಮೀಸಲು ಅದೊಂದೇ. ಒಂದು ಮನೆ ಬಿಟ್ಟುಕೊಟ್ಟು ಉಳಿದ ಏಳಕ್ಕೆ, ಅದರ ಮೇಲೆ ಲೋಕಸಭೆಗೂ ಬೀಗ ಹಾಕೋದನ್ನ ಉಪಕಾರ ಅಂತ ಕರೀಬೇಡಿ.

ಸರಿ, ಮೀಸಲು ಆದ್ರೆ ಎಲ್ಲ ಸರಿಹೋಗುತ್ತಾ? ಅದನ್ನೂ ನೋಡೋಣ. ಬ್ಲಫ್ ಕಡೆಯಿಂದ ಹೊಳೆ ದಾಟಿದ್ರೆ ಕೊಳ್ಳೇಗಾಲ ತಾಲ್ಲೂಕು, ಚಾಮರಾಜನಗರ ಮೀಸಲು ಲೋಕಸಭಾ ಕ್ಷೇತ್ರ. ವಿ. ಶ್ರೀನಿವಾಸಪ್ರಸಾದ್ ಅಲ್ಲಿಂದ ಆರು ಸಲ ಗೆದ್ದರು, ಪಕ್ಷದಿಂದ ಪಕ್ಷಕ್ಕೆ ಹೋಗುತ್ತಾ. 2019ರಲ್ಲಿ ಬಿಜೆಪಿಯಿಂದ ನಿಂತು ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಅವರನ್ನು ಸೋಲಿಸಿದ್ದು ಬರೀ 1,817 ಮತಗಳಿಂದ. ಇಬ್ಬರೂ ಈಗ ಇಲ್ಲ, ಇಬ್ಬರೂ ನಮ್ಮವರೇ. ಆದ್ರೆ ಟಿಕೆಟ್ ಯಾರಿಗೆ ಅನ್ನೋ ತೀರ್ಮಾನ ಯಾವತ್ತೂ ನಮ್ಮ ಕೇರಿಯಲ್ಲಿ ಆಗಲಿಲ್ಲ.

ಅದೇ ಕೊಳ್ಳೇಗಾಲದಲ್ಲಿ 2018ರಲ್ಲಿ ಆನೆ ಗೆದ್ದಿತು. ಎನ್. ಮಹೇಶ್ ರಾಜ್ಯದ ಏಕೈಕ ಬಿಎಸ್‌ಪಿ ಶಾಸಕ, ಮಂತ್ರಿಯೂ ಆದರು. ಎಷ್ಟು ಜನರ ಎಷ್ಟು ವರ್ಷದ ಬೆವರು ಅದು! ಒಂದೇ ವರ್ಷದಲ್ಲಿ ವಿಶ್ವಾಸಮತದ ದಿನ ಸದನಕ್ಕೆ ಹೋಗದೆ ಪಕ್ಷದಿಂದ ಉಚ್ಚಾಟನೆಯಾದರು, 2021ರಲ್ಲಿ ಬಿಜೆಪಿ ಸೇರಿದರು, 2023ರಲ್ಲಿ ಸೋತರು. ಸೀಟು ನಮ್ಮದಾದ್ರೆ ಸಾಲದು, ಗೆದ್ದವರ ಕಿವಿ ಹಿಂಡೋ ಸಂಘಟನೆಯೂ ನಮ್ಮದಿರಬೇಕು ಅನ್ನೋದಕ್ಕೆ ಇದಕ್ಕಿಂತ ಪಾಠ ಬೇಕಾ?

ಬಾಬಾಸಾಹೇಬರು ಪ್ರತ್ಯೇಕ ಮತಕ್ಷೇತ್ರ ಕೇಳಿದ್ದು ಇದಕ್ಕೇ. 1932ರ ಪೂನಾ ಒಪ್ಪಂದದಲ್ಲಿ ಅದು ಕೈತಪ್ಪಿತು. ನಮ್ಮ ಪ್ರತಿನಿಧಿಯನ್ನ ನಾವೇ ಆರಿಸೋದು ಹೋಗಿ, ನಮ್ಮಲ್ಲಿ ಯಾರು ಗೆಲ್ಲಬೇಕು ಅಂತ ಎಲ್ಲರೂ ಸೇರಿ ತೀರ್ಮಾನಿಸೋದು ಬಂತು. ಸಂವಿಧಾನ ಬರೆದ ಆ ಮಹಾನುಭಾವರನ್ನೇ 1952ರಲ್ಲಿ ಬಾಂಬೆ ಉತ್ತರದಲ್ಲಿ, 1954ರಲ್ಲಿ ಭಂಡಾರಾದಲ್ಲಿ ಸೋಲಿಸಿದ ವ್ಯವಸ್ಥೆ ಇದು.

ಈಗ ಕಾಮೆಂಟಲ್ಲಿ ಬರೋ ಪ್ರಶ್ನೆ ನನಗೆ ಗೊತ್ತು. “ಮಂಡ್ಯ ಜಿಲ್ಲೇಲಿ ನೀವಿರೋದೇ ಶೇ. 15ರಷ್ಟು, ಗೆಲ್ಲೋದು ಹೆಂಗಣ್ಣಾ?” ಉತ್ತರ ಇಲ್ಲಿದೆ. 2014ರಲ್ಲಿ ಪುಟ್ಟರಾಜು ರಮ್ಯಾ ವಿರುದ್ಧ ಗೆದ್ದಿದ್ದು 5,518 ಮತಗಳಿಂದ. ಎಂಟು ವಿಧಾನಸಭಾ ಕ್ಷೇತ್ರಗಳಿಗೆ ಹಂಚಿದ್ರೆ ಒಂದೊಂದಕ್ಕೆ ಏಳುನೂರು ವೋಟೂ ಬರಲ್ಲ. ನಮ್ಮ ಕೇರಿಗಳು ಒಂದಾಗಿ ಕೂತು ಮಾತಾಡಿದ್ರೆ ಅಂಥ ಫಲಿತಾಂಶ ನಮ್ಮ ಕೈಲಿರುತ್ತೆ. ಇನ್ನು ಗೆಲ್ಲೋ ಮಾತು. 2024ರಲ್ಲಿ ಅಯೋಧ್ಯೆ ಇರುವ ಫೈಜಾಬಾದ್ ಕ್ಷೇತ್ರದಲ್ಲಿ ಪಾಸಿ ಸಮುದಾಯದ ಅವಧೇಶ್ ಪ್ರಸಾದ್ ಗೆದ್ದರು. ಅದೂ ಸಾಮಾನ್ಯ ಕ್ಷೇತ್ರವೇ. ಒಂದು ದೊಡ್ಡ ಪಕ್ಷ ಧೈರ್ಯ ಮಾಡಿ ಟಿಕೆಟ್ ಕೊಟ್ಟಿತು, ಬೇರೆ ಜಾತಿಯವರೂ ವೋಟು ಹಾಕಿದರು. ಅಯೋಧ್ಯೆಯಲ್ಲಿ ಆಗಿದ್ದು ಮಂಡ್ಯದಲ್ಲಿ ಯಾಕಾಗಬಾರದು?

2019ರ ಚುನಾವಣೆ ನೆನಪಿದೆಯಾ? ಇಡೀ ದೇಶದ ಕ್ಯಾಮೆರಾ ಮಂಡ್ಯಕ್ಕೆ ಬಂತು. ಜೋಡೆತ್ತು ಬಂದವು. ದಿನಾ ಬೆಳಗಾದ್ರೆ ‘ಸ್ವಾಭಿಮಾನ’ದ ಮಾತು. ಸ್ವಾಭಿಮಾನ ನಮಗೆ ಬಾಬಾಸಾಹೇಬರು, ಪೆರಿಯಾರ್ ಕಲಿಸಿದ ಪದ. ಅದನ್ನ ಹೊತ್ತು ಬೀದಿ ಬೀದಿ ತಿರುಗಿದವರಲ್ಲಿ, ಎರಡು ಕಡೆಯವರಲ್ಲೂ, ಕೇರಿಯವರ ಸ್ವಾಭಿಮಾನದ ಬಗ್ಗೆ, ನಮ್ಮ ಸ್ಮಶಾನದ ಜಾಗದ ಬಗ್ಗೆ ಮಾತಾಡಿದ್ದನ್ನ ನಾನಂತೂ ಕೇಳಲಿಲ್ಲ.

ಇದು ಒಕ್ಕಲಿಗರ ಮೇಲಿನ ದ್ವೇಷ ಅಲ್ಲ. ಸಾಲಕ್ಕೆ ಸಿಕ್ಕಿ ನೇಣು ಹಾಕಿಕೊಳ್ಳೋ ಸಣ್ಣ ರೈತನಿಗೂ ಈ ಟಿಕೆಟ್ ಯಾವತ್ತೂ ಸಿಕ್ಕಿಲ್ಲ. ಅವನೂ ನಾವೂ ಒಟ್ಟಿಗೆ ಕೂತು ಕೇಳಬೇಕಾದ ಪ್ರಶ್ನೆ ಇದು.

ಹಾಗಾಗಿ ಮುಂದಿನ ಸಲ ಅಭ್ಯರ್ಥಿ ನಮ್ಮ ಕೇರಿಗೆ ಬಂದು ಅಂಬೇಡ್ಕರ್ ಫೋಟೋಗೆ ಹಾರ ಹಾಕಿದಾಗ ಚಪ್ಪಾಳೆ ಹೊಡೀಬೇಡಿ. ಒಂದೇ ಪ್ರಶ್ನೆ ಕೇಳಿ: “ನಿಮ್ಮ ಪಕ್ಷ ಮಂಡ್ಯದಲ್ಲಿ ನಮ್ಮವರಿಗೆ ಲೋಕಸಭಾ ಟಿಕೆಟ್ ಯಾವಾಗ ಕೊಡುತ್ತೆ?” ಇದನ್ನ ಎಲ್ಲ ಕೇರಿಗಳಲ್ಲೂ, ಎಲ್ಲ ಪಕ್ಷದವರಿಗೂ ಕೇಳಿ. ಉತ್ತರ ಬರೋತನಕ ಮೀಟಿಂಗ್ ಮುಗಿಸೋಕೆ ಬಿಡಬೇಡಿ.

ಜೈಭೀಮ್.